ನಿಮ್ಮ ಬೂತ್ ನಂಬರ್ ಎಷ್ಟು ಸಾರ್?

ಕಾರ್ತಿಕ ಮಾಸದಲ್ಲಿ ಒಂದು ಭಾನುವಾರ ಬಿಜೆಪಿ ಕಾರ್ಯಕರ್ತರ ವನಭೋಜನ ಅಂತ ಇತ್ತು, ಹೋಗಿದ್ದೆ. ಬರೀತೀನಿ ಬರೀತೀನಿ ಅಂದ್ಕೊಂಡೇ ಮೂರು ವಾರ ಆಯ್ತು. ಉದ್ದ ಆಗತ್ತೆ, ಪುರುಸೊತ್ತಿರೋರು ಓದಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಪಕ್ಷಕ್ಕೆ ಹೊಸಬ, ಆದ್ರೆ ಫೇಸ್‌ಬುಕ್ ಜಗಳಕ್ಕೆ ಹಳಬ. ಇಲ್ಲಿ ನನ್ನ ಜೊತೆ ರಾತ್ರಿ ಹನ್ನೆರಡರವರ್ಗೂ ಕಿತ್ತಾಡಿರೋರಿಗೆ ನಾನ್ಯಾವ ಕಡೆಯೋನು ಅಂತ ಗೊತ್ತೇ ಇದೆ. 2024ರ ಸದಸ್ಯತ್ವ ಅಭಿಯಾನದಲ್ಲಿ ಮಿಸ್ಡ್ ಕಾಲ್ ಕೊಟ್ಟು ಸೇರ್ಕೊಂಡೆ, ಆಮೇಲೆ ಯಾರೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು, ಅಲ್ಲಿ ದಿನಾ ಬೆಳಿಗ್ಗೆ ಎಪ್ಪತ್ತು ಗುಡ್ ಮಾರ್ನಿಂಗು, ಅಷ್ಟೇ ನನ್ನ ರಾಜಕೀಯ.

ಯಾಕೆ ಈ ಕಡೆ ಅಂತ ಕೇಳ್ತಾರೆ ಸುಮಾರು ಜನ. ನಮ್ಮದು ತುಮಕೂರಿನ ಮಂಡಿಪೇಟೆಯಲ್ಲಿ ದಿನಸಿ ಅಂಗಡಿ ಇತ್ತು. ಸಾಲದ ಪುಸ್ತಕ ಒಂದಿರೋದು, ಯಾರು ಯಾವಾಗ ಕೊಡ್ತಾರೆ, ಯಾರಿಗೆ ಕೇಳ್ಬಾರ್ದು ಅನ್ನೋದೆಲ್ಲ ಅಪ್ಪಂಗೆ ಬಾಯಲ್ಲೇ ಇರೋದು. ಇನ್ನೊಂದು ಕಡೆ ಸಿದ್ದಗಂಗಾ ಮಠ, ಹಳ್ಳಿ ಹಳ್ಳಿಯಿಂದ ಭಕ್ತರು ತಂದು ಹಾಕೋ ರಾಗಿ ಅಕ್ಕಿ, ಸಾವಿರಾರು ಹುಡುಗ್ರು ಒಟ್ಟಿಗೆ ಕೂತು ಉಣ್ಣೋದು, ಅದನ್ನ ನೋಡ್ಕೊಂಡೇ ಬೆಳೆದೋನು ನಾನು. ಜನ ಜನರನ್ನ ನೋಡ್ಕೊಳ್ತಾರೆ, ಎಲ್ಲದಕ್ಕೂ ವಿಧಾನಸೌಧದ ಕಡೆ ಮುಖ ಮಾಡಿ ನಿಲ್ಲೋದು ಬೇಡ, ಇರೋ ಒಳ್ಳೇದನ್ನ ಕೆಡಿಸಿಕೊಳ್ಳೋದು ಬೇಡ ಅನ್ನೋದು ನನ್ನ ತಲೇಲಿ ಹಂಗೇ ಕೂತ್ಬಿಟ್ಟಿದೆ. ಆಮೇಲೆ ಜನಸಂಘದ ನಾಯಕ ದೀನದಯಾಳ್ ಉಪಾಧ್ಯಾಯರು 1965ರಲ್ಲಿ ಮುಂಬೈಯಲ್ಲಿ, ಈಗ ನಮ್ಮ ಪಕ್ಷದ ಸಿದ್ಧಾಂತ ಅನ್ನೋ ಏಕಾತ್ಮ ಮಾನವತಾವಾದದ ಮೇಲೆ ಕೊಟ್ಟ ನಾಲ್ಕು ಉಪನ್ಯಾಸ ಇದೆಯಲ್ಲ ಅದನ್ನ ಓದಿದೆ, ಅದು ಪೂರ್ತಿ ಅರ್ಥ ಆಯ್ತು ಅಂತ ಸುಳ್ಳು ಹೇಳಲ್ಲ.

ಅಪ್ಪ ಮಾತ್ರ ಕೊನೇವರ್ಗೂ ಜನತಾ ಪರಿವಾರ. ಚಕ್ರದ ಗುರುತು ಹೋಗಿ ಜೆಡಿಎಸ್‌ನ ತೆನೆ ಹೊತ್ತ ಮಹಿಳೆ ಬಂದ್ರೂ ಅವರ ಓಟು ಅಲ್ಲಾಡ್ಲಿಲ್ಲ. 2019ರಲ್ಲಿ ದೇವೇಗೌಡ್ರು ನಮ್ಮ ತುಮಕೂರಲ್ಲೇ ನಿಂತು 13 ಸಾವಿರ ಚಿಲ್ಲರೆ ಓಟಲ್ಲಿ ಸೋತ ದಿನ ಅಪ್ಪ ರಾತ್ರಿ ಊಟ ಮಾಡ್ಲಿಲ್ಲ, ನಾನು ರೂಮಲ್ಲಿ ಬಾಗಿಲು ಹಾಕ್ಕೊಂಡು ಸ್ಟೇಟಸ್ ಹಾಕ್ತಿದ್ದೆ. 2022ರಲ್ಲಿ ಅಪ್ಪ ಹೋದ್ರು. ಮಾರನೇ ವರ್ಷ ಸೆಪ್ಟೆಂಬರಲ್ಲಿ ಅವರ ಪಕ್ಷ ನಮ್ಮ ಪಕ್ಷ ಎರಡೂ ಕೈ ಜೋಡಿಸಿದ್ವು. ನಾವಿಬ್ರೂ ಮಾತು ಬಿಟ್ಟು ಕೂತಿದ್ದ ದಿನಗಳನ್ನೆಲ್ಲ ಈಗ ಯಾರ ಲೆಕ್ಕಕ್ಕೆ ಬರೆಯೋದು ಹೇಳಿ.

ಸರಿ, ವನಭೋಜನ. ದೇವರಾಯನದುರ್ಗದ ಬುಡದಲ್ಲಿ ಊರ್ಡಿಗೆರೆ ಕಡೆಗೆ ಕಾರ್ಯಕರ್ತರೊಬ್ಬರದು ಮಾವಿನ ತೋಪು, ಪಕ್ಕದಲ್ಲೇ ಒಂದು ನೆಲ್ಲಿಮರ, ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ಉಣ್ಣಬೇಕು ಅನ್ನೋ ಶಾಸ್ತ್ರಕ್ಕೆ ಸರಿಯಾಗಿತ್ತು. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ಕೊಂಡು ಬೈಕಲ್ಲಿ ಹೊರಟೆ. ದಾರಿಯಲ್ಲಿ ತಲೇಲೆಲ್ಲ ಏನೇನೋ ಪ್ರಿಪೇರ್ ಮಾಡ್ಕೊಂಡಿದ್ದೆ, ಅಂತ್ಯೋದಯ, ಅಂದ್ರೆ ಕಟ್ಟಕಡೆಯವನ ಏಳಿಗೆ, ಅದರ ಬಗ್ಗೆ ಮಾತು ಬಂದ್ರೆ ಇದು ಹೇಳೋಣ, ಸಣ್ಣ ವ್ಯಾಪಾರಿಗಳ ವಿಷಯ ಬಂದ್ರೆ ಅದು ಹೇಳೋಣ ಅಂತ. ಹೋದ ತಕ್ಷಣ ಬಿಳಿ ಶರ್ಟಿನ ಹುಡುಗ ಒಬ್ಬ ರಿಜಿಸ್ಟರ್ ಹಿಡ್ಕೊಂಡು ಬಂದ. ಹೆಸ್ರು ಕೇಳ್ದ, ಹೇಳ್ದೆ. ಫೋನ್ ನಂಬರ್ ಕೇಳ್ದ, ಹೇಳ್ದೆ. "ನಿಮ್ಮ ಬೂತ್ ನಂಬರ್ ಎಷ್ಟು ಸಾರ್?"

ಗೊತ್ತಿಲ್ಲ.

ಇಪ್ಪತ್ತು ವರ್ಷದಿಂದ ಓಟು ಹಾಕ್ತಿದೀನಿ, ಅದೇ ಸ್ಕೂಲು, ಅದೇ ರೂಮು, ನಂಬರ್ ಮಾತ್ರ ಗೊತ್ತಿಲ್ಲ. ಪಕ್ಕದಲ್ಲಿದ್ದ ಹೆಂಗಸರು ಮುಸಿಮುಸಿ ನಕ್ರು. ಆ ಹುಡುಗ "ಪರ್ವಾಗಿಲ್ಲ ಸಾರ್" ಅಂತ ಅಲ್ಲೊಂದು ಗೆರೆ ಎಳೆದು ಮುಂದಕ್ಕೆ ಹೋದ. ಆ ಗೆರೆ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ.

ಅಲ್ಲಿ ಯಾರೂ ಸಿದ್ಧಾಂತ ಮಾತಾಡ್ಲಿಲ್ಲ. ಮಾತಾಡಿದ್ದೆಲ್ಲ ಹೇಮಾವತಿ ನೀರು, ಕುಣಿಗಲ್ ಕಡೆ ಲಿಂಕ್ ಕೆನಾಲ್ ಆದ್ರೆ ನಮಗೆ ಬುಗುಡನಹಳ್ಳಿ ಕೆರೆಗೆ ಎಷ್ಟು ಬರತ್ತೆ ಅನ್ನೋದು, ಕೊಬ್ಬರಿ ರೇಟು, ಮತ್ತೆ ಎಲೆಕ್ಷನ್ನು. ಎಲೆಕ್ಷನ್ ಅಂದ್ರೆ ದೆಹಲಿದಲ್ಲ, ಜಿಲ್ಲಾ ಪಂಚಾಯ್ತಿ ತಾಲೂಕು ಪಂಚಾಯ್ತಿದು. 2021ರಲ್ಲಿ ಅವಧಿ ಮುಗಿದಿದ್ದು, ಇವತ್ತಿಗೂ ಚುನಾವಣೆ ಇಲ್ಲ, ಅಧಿಕಾರಿಗಳೇ ನಡೆಸ್ತಿದಾರೆ. ಊರ್ಡಿಗೆರೆ ಕಡೆಯ ಒಬ್ರು ಹೇಳಿದ್ರು, ಐದು ವರ್ಷದಿಂದ ಕ್ಷೇತ್ರ ಓಡಾಡಿ ಮದುವೆ ಮುಂಜಿ ಸಾವು ತಿಥಿ ಎಲ್ಲಾದಕ್ಕೂ ಹೋಗಿ ಹೋಗಿ ಎರಡು ಲಕ್ಷ ಮುಯ್ಯಿಗೇ ಖರ್ಚಾಗಿದೆ, ಈಗ ಮೀಸಲಾತಿ ಏನಾಗತ್ತೋ ಅಂತ ಕಾಯ್ತಾ ಕೂತಿದೀನಿ ಅಂತ. ಎಲ್ಲರೂ ಈಗಿನ ಸರ್ಕಾರಕ್ಕೆ ಬೈದ್ರು. ನಾನು ಹೊಸಬ ಅನ್ನೋದು ಮರೆತು, "ಅಣ್ಣ, 2021ರಿಂದ 2023ರವರ್ಗೂ ನಮ್ಮದೇ ಇತ್ತಲ್ಲ ಸರ್ಕಾರ, ನಾವೂ ಮಾಡ್ಲಿಲ್ಲವಲ್ಲ" ಅಂದ್ಬಿಟ್ಟೆ. ಒಂದು ಕ್ಷಣ ಎಲ್ಲರೂ ತೋಪು ನೋಡಿದ್ರು. ಆಮೇಲೆ ಯಾರೋ ಅಂಬೊಡೆ ತಟ್ಟೆ ಮುಂದಕ್ಕೆ ತಳ್ಳಿದ್ರು. ಆದ್ರೂ ಹೇಳ್ತೀನಿ, ತಳಮಟ್ಟದ ಕಾರ್ಯಕರ್ತನಿಗೆ ಸಿಗೋ ಮೊದಲ ಮೆಟ್ಟಿಲೇ ಪಂಚಾಯ್ತಿ, ಯಾವ ಪಕ್ಷ ಆದ್ರೂ ಅದನ್ನ ಮುಚ್ಚಿಟ್ಕೊಂಡು ಕಾರ್ಯಕರ್ತರೇ ನಮ್ಮ ಬೆನ್ನೆಲುಬು ಅಂತ ಭಾಷಣ ಮಾಡೋದು ನಂಗೆ ಹಿಡಿಸಲ್ಲ.

ಇನ್ನೊಂದು ತಮಾಷೆ. ಮಹಿಳಾ ಮೋರ್ಚಾದವ್ರು ಒಂದು ಇಪ್ಪತ್ತು ಜನ ಬಂದಿದ್ರು, ಹೆಂಗೆ ಬಂದ್ರಕ್ಕ ಅಂತ ಕೇಳ್ದೆ, ಸರ್ಕಾರಿ ಬಸ್ಸಲ್ಲಿ, ಶಕ್ತಿ ಟಿಕೆಟ್ಟಲ್ಲಿ! ಮೈಕಲ್ಲಿ ಆಗ ತಾನೇ ಒಬ್ರು ಗ್ಯಾರಂಟಿಗಳಿಂದ ರಾಜ್ಯ ದಿವಾಳಿ ಅಂತ ಹೇಳಿ ಇಳಿದಿದ್ರು. ನಾನು ನಕ್ಕಿದ್ದು ನೋಡಿ ಆಯಮ್ಮ ಹೇಳಿದ್ದು ಕೇಳಿ: "ಕೊಟ್ಟಿದ್ದನ್ನ ಯಾಕಪ್ಪಾ ಬಿಡ್ಬೇಕು? ಬಸ್ಸು ಬೇರೆ, ಓಟು ಬೇರೆ. ಎರಡು ಸಾವ್ರಾನೂ ಬರತ್ತೆ, ಅದ್ರಲ್ಲೇ ಇವತ್ತಿನ ಹೋಳಿಗೆಗೆ ಬೆಲ್ಲ ತಂದಿದ್ದು." ಗೃಹಲಕ್ಷ್ಮಿ ದುಡ್ಡಿನ ಹೋಳಿಗೆ ನಮ್ಮ ಪಕ್ಷದ ಎಲೆ ಮೇಲೆ. ನಾನು ಎರಡು ತಿಂದೆ, ಚೆನ್ನಾಗಿತ್ತು. ಫ್ರೀ ಕೊಡೋದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದ್ರೆ ಅದನ್ನ ತಗೊಳ್ಳೋರ ಬಗ್ಗೆ ಇಲ್ಲಿ ಹಗುರವಾಗಿ ಬರೆದಿದ್ದ ಎರಡು ಪೋಸ್ಟ್ ಅವತ್ತು ರಾತ್ರಿ ಡಿಲೀಟ್ ಮಾಡ್ದೆ.

ಊಟ ಹನ್ನೆರಡೂವರೆಗೇ ರೆಡಿ. ಬಿಸಿಬೇಳೆಬಾತು, ನೆಲ್ಲಿಕಾಯಿ ಚಿತ್ರಾನ್ನ, ಕೋಸಂಬರಿ, ಮೊಸರನ್ನ. ಹಿಂದ್ಗಡೆ ಹುಡುಗ್ರು ಬೇರೆ ಪಕ್ಷದವ್ರಾದ್ರೆ ಬಾಡೂಟ ಹಾಕ್ತಾರೆ ಅಂತ ಗೊಣಗ್ತಿದ್ರು, ಒಬ್ರು ಕಾರ್ತಿಕ ಕಳೀಲಿ ಸುಮ್ನಿರ್ರೋ ಅಂದ್ರು. ಆದ್ರೆ ಬಡಿಸೋ ಹಂಗಿಲ್ಲ, ನಾಯಕರೊಬ್ಬರು ಬರ್ಬೇಕು. ಒಂದಾಯ್ತು, ಎರಡಾಯ್ತು. ಹಗ್ಗಜಗ್ಗಾಟ ಆಡಿಸಿದ್ರು, ನಿಂಬೆಹಣ್ಣು ಚಮಚ ಆಡಿಸಿದ್ರು, ಮೈಕಲ್ಲಿ ಇನ್ನೇನು ಹೊರಟಿದಾರೆ ಅಂತ ಏಳು ಸಲ ಹೇಳಿದ್ರು. ಮಕ್ಕಳು ಅಳೋಕೆ ಶುರು. ನಾಯಕರು ಎರಡೂ ಮುಕ್ಕಾಲಿಗೆ ಬಂದ್ರು, ನೆಲ್ಲಿಮರಕ್ಕೆ ಕೈ ಮುಗಿದ್ರು, ಫೋಟೋ ಆಯ್ತು, ಹನ್ನೆರಡು ನಿಮಿಷ ಮಾತಾಡಿದ್ರು, ಇನ್ನೊಂದು ಕಾರ್ಯಕ್ರಮ ಇದೆ ಅಂತ ಎಲೆ ಮುಂದೆ ಕೂರದೇ ಹೋದ್ರು. ಅವರ ಜೊತೆ ಕಾರಲ್ಲಿ ಬಂದೋರು ಎಲ್ಲಾ ಫೋಟೋಲೂ ಇದ್ರು. ಆ ಮರಕ್ಕೇ ಮೊಳೆ ಹೊಡೆದು ಅವರದೇ ಫ್ಲೆಕ್ಸ್ ಕಟ್ಟಿದ್ದು ಇನ್ನೂ ಬೇಜಾರು. ಬೆಳಿಗ್ಗೆ ಅದೇ ಮರಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದು, ಮೊಳೆ ಹೊಡೆಯೋಕೆ ಕೈಯಾದ್ರೂ ಹೆಂಗೆ ಬಂತೋ. ಪರಂಪರೆ ಉಳಿಸ್ತೀವಿ ಅನ್ನೋರು ನಾವು.

ಈ ಗಲಾಟೆ ಮಧ್ಯೆ ಒಬ್ರು ಯಜಮಾನ್ರು ಮಾತ್ರ ಯಾರನ್ನೂ ಕೇಳ್ದೆ ಒಂದೂವರೆಗೇ ಮಕ್ಕಳನ್ನೆಲ್ಲ ಒಲೆ ಹಿಂದ್ಗಡೆ ಕರ್ಕೊಂಡು ಹೋಗಿ ಸಾಲಾಗಿ ಕೂರಿಸಿ ಮೊಸರನ್ನ ಹಾಕಿಸ್ಬಿಟ್ಟಿದ್ರು. ಯಾರೋ ಪದಾಧಿಕಾರಿ ಬಂದು ತಡೀರಿ ಅಂದಾಗ "ಮಕ್ಕಳಿಗೆ ಪ್ರೋಟೋಕಾಲ್ ಇಲ್ಲ ಕಣಯ್ಯ" ಅಂದ್ರು. ಟೈಲರು. ಎಪ್ಪತ್ತು ದಾಟಿದೆ. ನಾನು ಹೋಗಿ ಬಡಿಸೋಕೆ ನಿಂತೆ, ಹಂಗೆ ಪರಿಚಯ.

ಹುಡುಗನಾಗಿದ್ದಾಗ ಗೋಡೆ ಮೇಲೆ ಬಿಜೆಪಿಗೆ ಮುಂಚೆ ಇದ್ದ ಜನಸಂಘದ ಗುರುತು ದೀಪ ಬರೀತಿದ್ರಂತೆ, ಸುಣ್ಣ, ಕೆಮ್ಮಣ್ಣು ಕಲಸ್ಕೊಂಡು. 1980ರಲ್ಲಿ ದೀಪ ಹೋಗಿ ಕಮಲ ಬಂದಾಗ ದಳ ಎಷ್ಟು ಬರೀಬೇಕು ಅಂತಾನೇ ಗೊತ್ತಿರ್ಲಿಲ್ಲ, ಕೈಗೆ ಬಂದಷ್ಟು ಬರೆದ್ವಿ ಅಂದ್ರು. 1984ರಲ್ಲಿ ಇಡೀ ದೇಶದಲ್ಲಿ ಎರಡೇ ಸೀಟು ಬಂದಾಗ ಅಂಗಡಿ ಮುಂದೆ ನಿಂತು ಜನ ಎರಡು ಬೆರಳು ತೋರ್ಸಿ ನಗ್ತಿದ್ರಂತೆ. 1991ರಲ್ಲಿ ಕರ್ನಾಟಕದಿಂದ ನಾಲ್ಕು ಜನ ಗೆದ್ರು, ಅದ್ರಲ್ಲಿ ನಮ್ಮ ತುಮಕೂರಿನ ಎಸ್. ಮಲ್ಲಿಕಾರ್ಜುನಯ್ಯ ಒಬ್ರು, ಲೋಕಸಭೆ ಡೆಪ್ಯುಟಿ ಸ್ಪೀಕರ್ ಆದ್ರು. ಅವತ್ತು ಊರೆಲ್ಲ ತಿರುಗಿ ಎರಡು ಬೆರಳು ತೋರ್ಸಿದೋರಿಗೆಲ್ಲ ನಾಲ್ಕು ಬೆರಳು ತೋರಿಸ್ಕೊಂಡು ಬಂದೆ ಅಂತ ಹೇಳುವಾಗ ಅವರ ಮುಖ ನೋಡ್ಬೇಕಿತ್ತು. ಯಾವ ಪದವಿ ಸಿಕ್ತು ಯಜಮಾನ್ರೇ ಅಂದೆ. "ಬೂತ್ ಏಜೆಂಟು. ಬೆಳಿಗ್ಗೆ ಏಳಕ್ಕೆ ಹೋದ್ರೆ ಸಂಜೆವರ್ಗೂ ಉಚ್ಚೆಗೂ ಏಳಂಗಿಲ್ಲ, ಅಂಥಾ ಪದವಿ" ಅಂದ್ರು.

ಊಟ ಆದ್ಮೇಲೆ ನನ್ನ ಅಡ್ರೆಸ್ ಕೇಳಿ, ಬ್ಯಾಗಿಂದ ಮತದಾರರ ಪಟ್ಟಿ ತೆಗೆದು, ಒಂದು ಹಾಳೆ ಕಿತ್ತು ಕೈಗೆ ಕೊಟ್ರು. ಒಂದು ಪೇಜಲ್ಲಿ 30 ಹೆಸ್ರು, ಅಂದ್ರೆ ಎಂಟೊಂಬತ್ತು ಮನೆ. ಇದನ್ನ ನೋಡ್ಕೊಳ್ಳೋನಿಗೆ ಪೇಜ್ ಪ್ರಮುಖ ಅಂತಾರೆ, ಎಲ್ಲಾ ಪೇಜ್ ಸೇರಿ ಬೂತು, ನಾಲ್ಕೈದು ಬೂತ್ ಸೇರಿದ್ರೆ ಶಕ್ತಿ ಕೇಂದ್ರ, ಅದರ ಮೇಲೆ ಮಂಡಲ. "ಇವ್ರಲ್ಲಿ ಎಷ್ಟು ಜನ ಗೊತ್ತು ನೋಡು" ಅಂದ್ರು. ನೋಡಿದೆ. ನಮ್ಮನೆಯವ್ರು ಬಿಟ್ರೆ ಆರು. ಆರೇ ಜನ. ಸಮಾಜ, ಸಂಸ್ಕೃತಿ, ಕುಟುಂಬ ವ್ಯವಸ್ಥೆ ಅಂತ ವರ್ಷಕ್ಕೆ ಮುನ್ನೂರು ಪೋಸ್ಟ್ ಹಾಕೋನಿಗೆ ತನ್ನ ಬೀದಿಯಲ್ಲಿ ಆರು ಜನ ಗೊತ್ತು.

ಪಟ್ಟಿ ಕೆಳಗಡೆ ಒಂದು ಮುಸ್ಲಿಂ ಮನೆ, ನಾಲ್ಕು ಓಟು. ಪಕ್ಕ ಕೂತಿದ್ದ ಹುಡುಗ ಬಗ್ಗಿ ನೋಡಿ "ಇವರದ್ದು ಬಿಟ್ಬಿಡಿ ಸಾರ್, ಟೈಮ್ ವೇಸ್ಟು" ಅಂದ. ನಾನೊಬ್ನೇ ಇದ್ದಿದ್ರೆ ಬಿಡ್ತಿದ್ದೆ, ಸುಳ್ಳು ಯಾಕೆ. ಯಜಮಾನ್ರು "ಪೇಜ್ ಅಂದ್ರೆ ಪೂರ್ತಿ ಪೇಜು. ಅವರಪ್ಪನ ಮದುವೆ ಶೇರ್ವಾನಿ ಹೊಲಿದಿದ್ದು ನಾನು, ಓಟು ಹಾಕ್ತಾರೋ ಬಿಡ್ತಾರೋ, ಹೋಗಿ ನಮಸ್ಕಾರ ಹೇಳಿ ಬಾ" ಅಂದ್ರು. ಹೋಗಿದ್ದೆ, ಹೋದ ವಾರ. ಅವರ ಮಗಳು ಮದುವೆಯಾಗಿ ಶಿರಾಕ್ಕೆ ಹೋಗಿದಾಳೆ, ಪಟ್ಟಿಯಲ್ಲಿ ವಿಳಾಸ ಬದಲಾಯಿಸೋಕೆ ಫಾರಂ 8 ಹಾಕ್ಬೇಕು ಅಂತ ಹೇಳಿಕೊಟ್ಟೆ. ಟೀ ಕೊಟ್ರು. ಓಟಿನ ಮಾತು ನಾನೂ ಎತ್ಲಿಲ್ಲ, ಅವ್ರೂ ಎತ್ಲಿಲ್ಲ.

ಅದೇ ಪೇಜಲ್ಲಿ ಮೇಲಿಂದ ಎರಡನೇ ಸಾಲಲ್ಲಿ ಅಪ್ಪನ ಹೆಸ್ರು ಇನ್ನೂ ಇದೆ. ಫೋಟೋ ಸಮೇತ. ಯಜಮಾನ್ರು ನಾನು ನೋಡೋಕೆ ಮುಂಚೆನೇ ನೋಡಿದ್ರು ಅನ್ಸತ್ತೆ. "ಮೂವತ್ತು ವರ್ಷ ನಿಮ್ಮಪ್ಪಂಗೆ ಓಟು ಕೇಳಿದೀನಿ ಕಣಪ್ಪ. ಒಂದ್ಸಲಾನೂ ಹಾಕ್ಲಿಲ್ಲ. ಒಂದ್ಸಲಾನೂ ಕಾಫಿ ಕುಡಿಸ್ದೆ ಕಳಿಸ್ಲಿಲ್ಲ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಫಾರಂ 7 ಅಂತ ಇದೆ, ತೀರ್ಕೊಂಡೋರ ಹೆಸ್ರು ತೆಗೆಸೋಕೆ, ಬೇರೆಯವರ ಮನೆದು ಅವರವರೇ ಕೊಡ್ಲಿ, ನಾವು ಮುಟ್ಬಾರ್ದು, ನಿಮ್ಮನೆದು ನೀನೇ ಕೊಡು ಅಂದ್ರು.

ಬೂತ್ ನಂಬರ್ ಈಗ ಬಾಯಿಪಾಠ. ಏಳು ಮನೆ ಮುಗಿಸಿದೀನಿ. ನಿನ್ನೆ ಅಮ್ಮನ್ನ ಅಪ್ಪನ ಡೆತ್ ಸರ್ಟಿಫಿಕೇಟ್ ಎಲ್ಲಿಟ್ಟಿದೀಯ ಅಂತ ಕೇಳ್ದೆ. ಯಾಕೋ ಅಂದ್ಳು. ಓಟರ್ ಲಿಸ್ಟಿಂದ ತೆಗೆಸ್ಬೇಕು ಅಂದೆ. ಅವಳು ಅವರೆಕಾಯಿ ಬಿಡಿಸ್ತಾ ಇದ್ದೋಳು ತಲೆ ಎತ್ತಲೇ ಇಲ್ಲ, "ಇರ್ಲಿ ಬಿಡು, ಯಾರಿಗೇನು ತೊಂದ್ರೆ" ಅಂದ್ಳು.

ಇವತ್ತು ಬೆಳಿಗ್ಗೆ ಯಜಮಾನ್ರು ಫೋನ್ ಮಾಡಿದ್ರು, ಪೇಜ್ ಎಲ್ಲಿಗೆ ಬಂತಪ್ಪ ಅಂತ. ಒಂದ್ಮನೆ ಬಾಕಿ ಇದೆ ಅಂದೆ.