ಹದಿನೇಳನೇ ಪೈಪು

ನಮ್ಮ ಜೀಪಿಗೆ ಟರ್ಬೊ ಇದೆ, ಅಂದರೆ ಎಂಜಿನ್ನಿಗೆ ಗಾಳಿ ಅದುಮಿ ತುಂಬಿ ಬಲ ಹೆಚ್ಚಿಸುವ ಸಾಮಾನು. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೇಳಿದರೆ ಯಾರೂ ನಂಬುವುದಿಲ್ಲ. ಸ್ಟೆಪ್ನಿ ಕವರಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿಯೂ ಆಯಿತು. ಆಲ್ದೂರಿನ ಹತ್ತಿರದ ನಮ್ಮ ತೋಟದೊಳಗೆ ಗೊಬ್ಬರದ ಮೂಟೆ, ಪಂಪ್‌ಸೆಟ್ಟು, ಆಳುಗಳ ಬುತ್ತಿ ಹೊತ್ತು ತಿರುಗುವಾಗ ಅದಕ್ಕೆ ಯಾವ ತಕರಾರೂ ಇಲ್ಲ. ಆದರೆ ಕೈಮರದ ಚೆಕ್‌ಪೋಸ್ಟ್ ದಾಟಿ ಗಿರಿ ಕಡೆ ಏರು ಶುರುವಾಯಿತೋ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಎರಡನೇ ಗೇರಿನಲ್ಲಿ ಕೂತುಬಿಡುತ್ತದೆ. ಯಾರು ಕರೆದರೂ ಮೇಲೇಳುವುದಿಲ್ಲ.

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಅಕ್ಕ-ಭಾವ ಬಂದಿದ್ದರು. ಮುಳ್ಳಯ್ಯನಗಿರಿ ತೋರಿಸುತ್ತೇನೆ ಅಂತ ಎಲ್ಲರನ್ನೂ ಹತ್ತಿಸಿಕೊಂಡು ಹೊರಟೆ. ಏರಿನಲ್ಲಿ ಒಂದು ಪುಟಾಣಿ ಕಾರು, ಒಳಗೆ ಐದು ಜನ, ಮೇಲೆ ಲಗೇಜು, ನಮ್ಮನ್ನು ಹಿಂದೆ ಹಾಕಿ ಹೋಯಿತು. ಹಿಂದಿನ ಗಾಜಿನಿಂದ ಒಬ್ಬ ಹುಡುಗ ನಾಲಗೆ ಚಾಚಿದ. ಭಾವ ಕಿಟಕಿಯಾಚೆ ಮಂಜು ನೋಡುತ್ತಾ ಬಹಳ ಮೃದುವಾಗಿ ಕೇಳಿದರು: "ಟರ್ಬೊ ಮುಂಚೆ ಇತ್ತಾ? ಈಗ ತೆಗೆಸಿದ್ದೀಯಾ?"

"ಎತ್ತರ ಭಾವ. ಮೇಲೆ 1,930 ಮೀಟರ್ ಹತ್ತಿರ. ಸಮುದ್ರದ ಪಕ್ಕ ಇರೋ ಗಾಳಿಯ ಒತ್ತಡದಲ್ಲಿ ಐದನೇ ಒಂದು ಪಾಲು ಅಲ್ಲಿ ಇರೋದೇ ಇಲ್ಲ" ಎಂದೆ.

"ಆ ಕಾರಿನವರು ಮನೆಯಿಂದ ತಂದಿದ್ರೇನೋ" ಅಂದರು ಭಾವ.

ಮಾರನೇ ದಿನವೇ ಮೇಸ್ತ್ರಿ ಮುಂದೆ ನಿಂತೆ. ಅವನು ಬಾನೆಟ್ ಎತ್ತಿ, ಟರ್ಬೊದಿಂದ ಹೊರಟ ಪೈಪಿಗೆ ಬೆರಳು ತಾಗಿಸಿ, ಸರಕ್ಕನೆ ತೆಗೆದು ಕಿವಿ ಹಿಡಿದುಕೊಂಡ. "ಟರ್ಬೊದು ಏನೂ ತಪ್ಪಿಲ್ಲ ಅಣ್ಣ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿದ್ದೀರಾ? ಹಾಗೇ ಇದೂ. ಗಾಳಿ ಅದುಮಿದರೆ ಬಿಸಿ ಆಗುತ್ತೆ. ಬಿಸಿ ಆದರೆ ಹಿಗ್ಗುತ್ತೆ. ಹಿಗ್ಗಿದ ಗಾಳಿ ಜಾಗ ಜಾಸ್ತಿ ತಿನ್ನುತ್ತೆ, ಕೆಲಸ ಕಮ್ಮಿ ಮಾಡುತ್ತೆ. ನಮ್ಮ ಹೆಲ್ಪರ್ ಥರ."

ಲೆಕ್ಕ ಹಾಕಿದರೆ ಅವನ ಮಾತು ಸರಿಯಾಗಿಯೇ ಇತ್ತು. ನಮ್ಮ ಜೀಪಿನ ಟರ್ಬೊ ಗಾಳಿಯನ್ನು ಸುಮಾರು 10 ಪಿಎಸ್‌ಐ ಅದುಮುತ್ತದೆ, ಅಂದರೆ ಟೈರಿಗೆ ಹಾಕುವುದರ ಮೂರನೇ ಒಂದು ಭಾಗ. ಅಷ್ಟಕ್ಕೇ 25 ಡಿಗ್ರಿಯ ಗಾಳಿ 100 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಅದನ್ನು ಎಂಜಿನ್ನಿಗೆ ಬಿಡುವ ಮೊದಲು 50ಕ್ಕೆ ಇಳಿಸಿದರೆ ಅದೇ ಜಾಗದಲ್ಲಿ ಶೇ 15ರಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಇಳಿಸುವ ಸಾಮಾನಿನ ಹೆಸರು ಇಂಟರ್‌ಕೂಲರ್. ನಮ್ಮ ಜೀಪು ಹುಟ್ಟುವಾಗಲೇ ಅದು ಇರಲಿಲ್ಲ.

ರಾತ್ರಿ ಅಪ್ಪನಿಗೆ ಲೋಟ-ದವರಾ ಇಟ್ಟುಕೊಂಡು ಪಾಠ ಮಾಡಿದೆ. ಲೋಟದಲ್ಲಿ ಕಾಫಿ ಆರುವುದಿಲ್ಲ, ದವರಾಕ್ಕೆ ಸುರಿದರೆ ಅಗಲವಾಗಿ ಹರಡಿ ಬೇಗ ಆರುತ್ತದೆ. ಇಂಟರ್‌ಕೂಲರೂ ಗಾಳಿಗೊಂದು ದವರಾ. ಅಪ್ಪ ನನ್ನ ಪ್ರಯೋಗದ ಕಾಫಿಯನ್ನು ಕುಡಿದು ಮುಗಿಸಿ, "ನಮ್ಮೂರಲ್ಲಿ ಡಿಸೆಂಬರ್ ತಿಂಗಳು ಬಾಯಿ ಬಿಟ್ಟರೆ ಹೊಗೆ ಬರುತ್ತೆ. ಊರೇ ತಣ್ಣಗಿದೆ. ಇಲ್ಲಿ ಗಾಳಿ ತಣ್ಣಗೆ ಮಾಡೋಕೆ ದುಡ್ಡು ಕೊಡ್ತೀಯಾ?" ಅಂದರು. ಆಮೇಲೆ ಲೋಟ ತೊಳೆಯಲು ನನಗೇ ಕೊಟ್ಟರು.

ಹೊಸ ಇಂಟರ್‌ಕೂಲರ್ ಬೆಲೆ ಕೇಳಿದ ಮೇಲೆ ಗುಜರಿಯೇ ಗತಿ ಅನ್ನಿಸಿತು. ಹಾಸನದಲ್ಲಿ ಒಂದು ಗುಜರಿ ಅಂಗಡಿ. ಅಲ್ಲಿ ಅಲ್ಯೂಮಿನಿಯಂ ತೂಕಕ್ಕೆ ಒಂದು ರೇಟು, ಅದೇ ಅಲ್ಯೂಮಿನಿಯಂ "ಪಾರ್ಟು" ಅನ್ನಿಸಿಕೊಂಡರೆ ಇನ್ನೊಂದು. ಯಾವುದು ಯಾವಾಗ ಪಾರ್ಟಾಗುತ್ತದೆ ಅನ್ನುವುದು ಗಿರಾಕಿಯ ಮುಖದ ಮೇಲೆ ನಿಂತಿರುತ್ತದೆ. ನನ್ನ ಮುಖ ನೋಡುತ್ತಲೇ ಅಂಗಡಿಯವರು ರಾಶಿಯಿಂದ ಒಂದು ಜಾಲರಿ ಹಲಗೆ ಎಳೆದರು. "ಒರಿಜಿನಲ್ ಸಾರ್. ಎರಡೂ ಕಡೆ ಬಾಯಿ ಕತ್ತರಿಸಿದೆ ಅಷ್ಟೇ. ನಿಮಗೆ ಬೇಕಾದ ಹಾಗೆ ಟ್ಯಾಂಕ್ ಕಟ್ಟಿಸಿಕೊಳ್ಳಿ."

ಬೇಕಾದ ಹಾಗೆ! ಆ ಒಂದು ಮಾತಿಗೆ ಪಾರ್ಟಿನ ರೇಟು ಕೊಟ್ಟೆ.

ಅದನ್ನು ಎದೆಗವಚಿಕೊಂಡು ಬೇಲೂರಿನ ಮೇಲೆ ಹೋಗುವ ಚಿಕ್ಕಮಗಳೂರು ಬಸ್ಸು ಹತ್ತಿದೆ. ಕಂಡಕ್ಟರ್ ಬಗ್ಗಿ ಜಾಲರಿಯೊಳಗೆ ಇಣುಕಿದರು. "ಒಳಗೆ ಏನಿದೆ?"

"ಏನೂ ಇಲ್ಲ, ಗಾಳಿ."

"ಲಗೇಜ್ ಟಿಕೆಟ್ ತಗೊಳ್ಳಿ" ಅಂದರು. ಗಾಳಿಗೂ ಟಿಕೆಟ್ ಹರಿಸಿದ ಮೊದಲ ಪ್ರಯಾಣಿಕ ಬಹುಶಃ ನಾನೇ.

ಮೇಸ್ತ್ರಿ ಅದನ್ನು ಕೈಗೆತ್ತಿಕೊಂಡು, ಒಂದು ತುದಿಗೆ ಬಾಯಿಟ್ಟು ಊದಿದ. ಕೆನ್ನೆ ಉಬ್ಬಿತು, ಕಣ್ಣು ಕೆಂಪಾಯಿತು, ಆ ತುದಿಯಲ್ಲಿ ಹಿಡಿದಿದ್ದ ನನ್ನ ಅಂಗೈಗೆ ಸೊಳ್ಳೆ ಉಸಿರಾಡಿದಷ್ಟೂ ತಾಗಲಿಲ್ಲ. "ಅಣ್ಣ, ಇದು ಎಸಿ ಕಂಡೆನ್ಸರ್. ಇದರೊಳಗಿನ ಕಿಂಡಿ ಸೂಜಿಯಷ್ಟು. ಇದನ್ನ ಹಾಕಿದರೆ ಎಂಜಿನ್ನಿಗೆ ಉಬ್ಬಸ ಬರುತ್ತೆ."

ಮತ್ತೆ ಹಾಸನ. ಈ ಸಲ ಅಂಗಡಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಬಾಯಿಟ್ಟು ಊದಿದೆ. ಎರಡು ರೇಡಿಯೇಟರು, ಒಂದು ಹೀಟರು, ಏನೆಂದು ಈಗಲೂ ತಿಳಿಯದ ಇನ್ನೊಂದು. ಹತ್ತನೆಯದೋ ಹನ್ನೊಂದನೆಯದೋ ಊದಿದಾಗ ಆ ಕಡೆ ನಿಂತಿದ್ದ ಅಂಗಡಿಯ ಹುಡುಗನ ಕ್ರಾಪು ಹಾರಿತು. ಅದೇ! ಯಾವುದೋ ಡೀಸೆಲ್ ಕಾರಿನ ನಿಜವಾದ ಇಂಟರ್‌ಕೂಲರು. ತುಟಿ ಸುತ್ತ ಕಪ್ಪು ಎಣ್ಣೆಯ ವೃತ್ತ ಹೊತ್ತುಕೊಂಡೇ ಬಸ್ಸು ಹತ್ತಿದೆ. ಅದೇ ಕಂಡಕ್ಟರ್. ಅವರು ಏನೂ ಕೇಳದೆ ಲಗೇಜ್ ಟಿಕೆಟ್ ಹರಿದರು.

ಕೋರ್, ಅಂದರೆ ನಡುವಿನ ಜಾಲರಿ, ಸಿಕ್ಕಿತು. ಇನ್ನು ಅದರ ಎರಡು ಕಿವಿಗೆ ಟ್ಯಾಂಕ್ ಅನ್ನುವ ಗಾಳಿಯ ಡಬ್ಬಿ, ಟರ್ಬೊದಿಂದ ಇಲ್ಲಿಗೆ, ಇಲ್ಲಿಂದ ಎಂಜಿನ್ನಿಗೆ ಪೈಪು. ಟ್ಯಾಂಕಿನ ಅಳತೆಗೆ ಅಡಿಕೆ ಹಾಳೆ ಕತ್ತರಿಸಿ, ಮಡಚಿ, ದಾರ ಹೊಲಿದು ಮಾದರಿ ಮಾಡಿದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ ಮನೆಯಾಕೆ ಅದರಲ್ಲಿ ಒಣಮೆಣಸಿನಕಾಯಿ ತುಂಬಿಟ್ಟಿದ್ದಳು. ಪೈಪಿನದೇ ಚಿಂತೆ. ಎರಡೂವರೆ ಇಂಚಿನ ಅಲ್ಯೂಮಿನಿಯಂ ಪೈಪಿಗೆ ಎಲ್ಲಿಗೆ ಹೋಗುವುದು ಅಂತ ಗೋಡೌನಿನ ಗೋಡೆಗೆ ಒರಗಿ ಯೋಚಿಸುತ್ತಿದ್ದೆ. ಒರಗಿದ್ದು ಗೋಡೆಗಲ್ಲ, ಸ್ಪ್ರಿಂಕ್ಲರ್ ಪೈಪಿನ ರಾಶಿಗೆ.

ಕಾಫಿ ತೋಟ ಗೊತ್ತಿಲ್ಲದವರಿಗೆ ಒಂದು ಮಾತು. ರೋಬಸ್ಟಾ ಗಿಡಕ್ಕೆ ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬೇಕು. ಮೋಡ ಕೈಕೊಟ್ಟರೆ ನಾವೇ ಮಳೆ ಬರಿಸಬೇಕು. ಕೆರೆಯಿಂದ ಪಂಪು, ಪಂಪಿನಿಂದ ಗುಡ್ಡದ ತುದಿಯವರೆಗೆ ಪೈಪಿಗೆ ಪೈಪು ಜೋಡಿಸುತ್ತಾ ಹೋಗಿ ಜೆಟ್ ಹಾಕುವುದು. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬಿಳಿ ಹೂವು. ಆ ಹೂವೇ ಮುಂದಿನ ವರ್ಷದ ಅಕ್ಕಿ, ಬೇಳೆ, ಫೀಸು, ಸಾಲದ ಬಡ್ಡಿ. ಈಗ ಎಲ್ಲರೂ ಪ್ಲಾಸ್ಟಿಕ್ ಪೈಪಿಗೆ ಹೋಗಿದ್ದಾರೆ. ಅಪ್ಪ ಮಾತ್ರ ಹಳೇ ಅಲ್ಯೂಮಿನಿಯಂ ಬಿಟ್ಟಿಲ್ಲ. ಒಮ್ಮೆ ಕಳ್ಳತನವಾದ ಮೇಲೆ ಪ್ರತಿಯೊಂದಕ್ಕೂ ತಮ್ಮ ಕೈಯಾರೆ ಕೆಂಪು ಬಣ್ಣದಲ್ಲಿ ನಂಬರ್ ಬರೆದಿದ್ದಾರೆ. ಒಟ್ಟು 60. ಅರವತ್ತರಲ್ಲಿ ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ? ಅದು ಜನವರಿ ತಿಂಗಳು, ಫೆಬ್ರವರಿ ಬಹಳ ದೂರ ಇತ್ತು.

ಮೊದಲು ನಮ್ಮೂರಿನ ಗೇಟು-ಗ್ರಿಲ್ ವೆಲ್ಡಿಂಗಿನವನ ಹತ್ತಿರ ಒಯ್ದೆ. ಕಬ್ಬಿಣ ಕಾದರೆ ಕೆಂಪಗಾಗಿ ಹುಷಾರು ಹೇಳುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸುವುದಿಲ್ಲ. ಇದ್ದ ಹಾಗೇ ಇದ್ದು, 660 ಡಿಗ್ರಿಗೆ ಇದ್ದಕ್ಕಿದ್ದಂತೆ ತೊಟ್ಟಿಕ್ಕಿಬಿಡುತ್ತದೆ. ಮೇಲಿನ ತೆಳು ಆಕ್ಸೈಡ್ ಪೊರೆ ಮಾತ್ರ 2,000 ಡಿಗ್ರಿ ದಾಟಿದರೂ ಜಪ್ಪಯ್ಯ ಅನ್ನುವುದಿಲ್ಲ. ಸಿಪ್ಪೆ ಕಲ್ಲು, ತಿರುಳು ನೀರು. ಅವನು ರಾಡು ತಾಗಿಸಿದ, ಪೈಪಿನಲ್ಲಿ ಕಿತ್ತಳೆ ಹಣ್ಣು ತೂರುವಷ್ಟು ತೂತು. "ಇದು ಗೇಟಲ್ಲ ಅಣ್ಣ" ಎಂದು ಕನ್ನಡಕ ತೆಗೆದ.

ಅಲ್ಯೂಮಿನಿಯಂಗೆ ಒಗ್ಗುವ ಆರ್ಗಾನ್ ವೆಲ್ಡಿಂಗ್ ಮಾಡುವವರು ಸಿಕ್ಕಿದ್ದು ಮತ್ತೆ ಹಾಸನದಲ್ಲೇ. ಮೂವತ್ತು ವರ್ಷದಿಂದ ಹಾಲಿನ ಕ್ಯಾನು, ಅಡುಗೆಭಟ್ಟರ ದೊಡ್ಡ ಡಬರಿ ರಿಪೇರಿ ಮಾಡುವ ಹಿರಿಯರು. ಇಂಟರ್‌ಕೂಲರ್ ಅಂದರೆ ಏನು ಅಂತ ಅವರು ಕೇಳಲಿಲ್ಲ. ಕೇಳಿದ್ದು ಒಂದೇ: "ಒಳಗೆ ಹಾಲು ನಿಲ್ಲಬೇಕಾ?" ಗಾಳಿ ನಿಲ್ಲಬೇಕು ಎಂದೆ. "ಹಾಲಿಗಿಂತ ಕಷ್ಟ" ಎಂದು ತಲೆಯಾಡಿಸಿ, ಪೈಪನ್ನು ಉಜ್ಜಿ ಹೊಳಪು ಬರಿಸಿ, ಓರೆ ಓರೆ ಕತ್ತರಿಸಿ ಬೆಂಡ್ ಕೂಡಿಸಿದರು. ಬೆಸುಗೆ ನೋಡಬೇಕು ನೀವು, ಬೆರಳಳತೆಯಲ್ಲಿ ಕಟ್ಟಿದ ಮಲ್ಲಿಗೆ ದಂಡೆ. ಅದನ್ನು ಬಾನೆಟ್ ಒಳಗೆ ಮುಚ್ಚಿಡಲು ನನಗೆ ಮನಸ್ಸೇ ಬರಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಬಾನೆಟ್ ಎತ್ತಿ ತೋರಿಸಿದೆ. ನನ್ನ ವಕೀಲ ಗೆಳೆಯ ಅದನ್ನು ಮೆಚ್ಚಿ, ನನ್ನ ಖರ್ಚಿನಲ್ಲಿ ಕಾಫಿ ಕುಡಿದು, ಕೊನೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿಸಿದ. ಗಾಡಿ ಮಾರ್ಪಾಡಿನ ಸೆಕ್ಷನ್ನು. ಆ ಕಾಫಿ ಕೊಡಿಸಬಾರದಿತ್ತು.

ಸಂಕ್ರಾಂತಿಗೆ ಭಾವ ಬಂದರು. ಎಳ್ಳು-ಬೆಲ್ಲ ಬಾಯಲ್ಲಿರುವಾಗಲೇ ಜೀಪು ಹತ್ತಿಸಿದೆ. ಕೈಮರ ದಾಟಿತು. ಏರು ಬಂತು. ಮೂರನೇ ಗೇರು! ಅಡಿಕೆ ಮರ ಹತ್ತುವ ಹುಡುಗನ ಹಾಗೆ ಸರಸರ. ಒಂದು ಕಾರು ಹಿಂದೆ ಹೋಯಿತು, ಇನ್ನೊಂದು ಹೋಯಿತು. ಭಾವ ಮೊದಲ ಸಲ ಮೇಲಿನ ಹಿಡಿ ಹಿಡಿದುಕೊಂಡರು. ನಾನು ಏನೋ ಹೇಳಲು ಬಾಯಿ ತೆರೆದೆ.

ಢಬ್!

ಹಿಂದೆಲ್ಲ ಕಪ್ಪು ಹೊಗೆ. ಜೀಪು ನಿಂತಿತು, ಹಿಂದೆ ಹಾಕಿದ್ದ ಎರಡೂ ಕಾರು ನಿಂತವು, ಜನ ಇಳಿದು ಫೋನು ಎತ್ತಿದರು. ಅಕ್ಕ "ಮಂಜುನಾಥಾ" ಅಂದಳು. ಭಾವ ಸೀಟಿನ ಕೆಳಗೆ ತಲೆ ಹಾಕಿದ್ದರು. ಅಲ್ಲಿಂದಲೇ "ಏನದು?" ಎಂದರು.

"ಟರ್ಬೊ" ಎಂದೆ.

"ಓ, ಹಾಗಾದ್ರೆ ಇತ್ತು!"

ಹಾರಿದ್ದು ಟರ್ಬೊ ಅಲ್ಲ, ಪೈಪು-ಕೋರ್ ನಡುವಿನ ರಬ್ಬರ್ ಹೋಸು. ಮೇಸ್ತ್ರಿ ಬಂದು ನೋಡಿ ನನ್ನನ್ನೇ ಬೈದ. "ಬಿಂದಿಗೆಗೆ ಕಂಠ ಯಾಕಿದೆ ಅಣ್ಣ? ಹಗ್ಗ ಜಾರದಿರಲಿ ಅಂತ. ನೀವು ಪೈಪಿನ ತುದಿ ನುಣ್ಣಗೆ ಬಿಟ್ಟು ಮೇಲೆ ಎಣ್ಣೆ ಬೇರೆ ಹಚ್ಚಿ ಹೋಸು ತೂರಿಸಿದ್ದೀರಿ." 10 ಪಿಎಸ್‌ಐ ಅಂದರೆ ಕೇಳಲು ಸಣ್ಣದು. ಎರಡೂವರೆ ಇಂಚಿನ ಬಾಯಿಗೆ ಅದು ಸುಮಾರು 22 ಕೆಜಿ ನೂಕು, ಅರ್ಧ ಮೂಟೆ ಸಿಮೆಂಟು ಒಳಗಿನಿಂದ ಒದ್ದ ಹಾಗೆ. ಮತ್ತೆ ಹಾಸನಕ್ಕೆ ಹೋಗಿ ಪ್ರತಿ ತುದಿಗೂ ಉಬ್ಬು ಕಂಠ ಹಾಕಿಸಿ ತಂದೆ. ಮೇಸ್ತ್ರಿ ಅಗಲದ ಬೋಲ್ಟ್ ಕ್ಲಾಂಪ್ ಬಿಗಿದ. ಒಂದು ಬಾಯಿಗೆ ಬಿರಡೆ ಹಾಕಿ, ಇನ್ನೊಂದರಿಂದ ಕಂಪ್ರೆಸರ್ ಗಾಳಿ ಬಿಟ್ಟು, ಮೈಗೆಲ್ಲ ಸೋಪಿನ ನೀರು ಬಳಿದೆವು. ಮೂರು ಕಡೆ ಗುಳ್ಳೆ ಎದ್ದವು. ಮಗಳು ಅದನ್ನು ಆಟ ಅಂದುಕೊಂಡು ಇನ್ನೂ ನಾಲ್ಕು ಕಡೆ ಸಡಿಲಿಸಿದ್ದು ಆಮೇಲೆ ಗೊತ್ತಾಯಿತು.

ಅಂತೂ ಫೆಬ್ರವರಿ ಬಂದೇ ಬಂತು. ಅಪ್ಪ ಕೆರೆಯಿಂದ ಲೈನು ಎಳೆಸುತ್ತಾ ಹೋದರು. ಹದಿನಾಲ್ಕು, ಹದಿನೈದು, ಹದಿನಾರು. ಅವರಿಗೆ ನಂಬರ್ ಪ್ರಕಾರವೇ ಜೋಡಿಸಿ ಅಭ್ಯಾಸ. ಆಮೇಲೆ ಹದಿನೆಂಟು. ಅಪ್ಪ ನಿಂತರು. ಆಳುಗಳ ಮುಖ ನೋಡಿದರು. ಆಳುಗಳು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ, ಮೋಡ ಇರಲಿಲ್ಲ.

ಅವರು ಒಂದೂ ಮಾತಾಡದೆ ಬಂದು ಬಾನೆಟ್ ಎತ್ತಿದರು. ಆ ಹಿರಿಯರು ಪೈಪನ್ನೆಲ್ಲ ಉಜ್ಜಿದ್ದರು, ಬೆಸುಗೆ ಇಲ್ಲದ ಒಂದು ಗೇಣು ಜಾಗ ಬಿಟ್ಟು. ಅಲ್ಲಿ, ಸರಿಯಾಗಿ ಮೇಲ್ಗಡೆ, ಅಪ್ಪನ ಕೈಬರಹ: 17.

"ಅಪ್ಪ, 1905ರಲ್ಲೇ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನೋರು ಟರ್ಬೊಗೆ ಪೇಟೆಂಟ್ ತಗೊಂಡಿದ್ರು, ಅಂದ್ರೆ..."

"ಅವನೂ ಅಪ್ಪನ ಸ್ಪ್ರಿಂಕ್ಲರ್ ಪೈಪು ಕೊಯ್ದಿದ್ನಾ?"

ಆ ಸಂಜೆ ಮೇಲಿನ ತೋಟಕ್ಕೆ ಪಂಪ್‌ಸೆಟ್ಟು ಸಾಗಿಸಬೇಕಿತ್ತು. ಬೇರೆ ಗಾಡಿ ಸಿಗಲಿಲ್ಲ. ಅಪ್ಪ ನನ್ನ ಪಕ್ಕ ಕೂತರು, ಮುಖ ಆ ಕಡೆ. ಹಿಂದೆ ಪಂಪು, ಡೀಸೆಲ್ ಕ್ಯಾನು, ನಾಲ್ಕು ಜನ. ಆ ಏರಿನಲ್ಲಿ ಇಷ್ಟು ವರ್ಷ ಅರ್ಧ ಜನ ಇಳಿದು ತಳ್ಳುವುದು ವಾಡಿಕೆ. ಈ ಸಲ ಜೀಪು ಎಲ್ಲೂ ಉಸಿರು ಕಟ್ಟದೆ ಹತ್ತಿ, ಮೇಲೆ ಹಲಸಿನ ಮರದ ಕೆಳಗೆ ನಿಂತಿತು. ಯಾರೂ ಇಳಿಯಬೇಕಾಗಲಿಲ್ಲ. ನಾನು ಎಂಜಿನ್ ಆಫ್ ಮಾಡಿ ಕಾದೆ.

ಅಪ್ಪ ಇಳಿದರು, ಬಾನೆಟ್ ಮೇಲೆ ಒಮ್ಮೆ ಕೈ ಆಡಿಸಿದರು.

"ಮೂರನೇ ಗೇರಲ್ಲೇ ಬಂತಲ್ಲ" ಎಂದೆ ನಾನೇ.

"ಹದಿನೇಳನೇ ಪೈಪು ಮೊದಲಿಂದಲೂ ಗಟ್ಟಿ" ಎಂದು ಪಂಪಿನ ಹಗ್ಗ ಬಿಚ್ಚತೊಡಗಿದರು.