ಮೊಳ ಮಲ್ಲಿಗೆಯ ಸಾಲ

ಮುಂಬಯಿಯ ಮಾಟುಂಗ ಸ್ಟೇಷನ್ನಿನ ಹೊರಗೆ ಹೂ ಮಾರುವಾಕೆಯ ಮೊಳ ಮೊಳಕೈಯಿಂದ ಶುರುವಾಗಿ ನಡುಬೆರಳಿನ ಎರಡನೆಯ ಗಿಣ್ಣಿಗೇ ನಿಂತುಬಿಡುತ್ತದೆ. ಅದನ್ನು ಪ್ರಶ್ನಿಸುವ ಧೈರ್ಯ ನನ್ನ ಹೆಂಡತಿಗೂ ಇಲ್ಲ. ಮೊನ್ನೆ ಸಂಜೆ ಅಂಥದೊಂದು ಮೊಳ ಮಲ್ಲಿಗೆಯನ್ನು ಅವಳು ಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಗಂಟು ಹಾಕಿ ಕೊಟ್ಟಳು. ಬೆಲೆ 30 ರೂಪಾಯಿ. ಬುಟ್ಟಿಗೆ ಒರಗಿಸಿದ್ದ ಕ್ಯೂಆರ್ ಚೌಕದ ಮೇಲೆ ಒಂದು ಒದ್ದೆ ಎಸಳು ಅಂಟಿಕೊಂಡಿತ್ತು. ಅದನ್ನು ಸರಿಸಿ ನಾನು ಮೊಬೈಲ್ ಹಿಡಿದೆ. ಹಣ ಬರೆಯುವ ಜಾಗ ಬರಬೇಕಾದಲ್ಲಿ ಕೆಂಪು ತ್ರಿಕೋನವೊಂದು ಬಂತು. ನಿಮ್ಮ ಸಾಧನ ಸುರಕ್ಷಿತವಲ್ಲ, ಈ ಆ್ಯಪ್ ಈಗ ಮುಚ್ಚುತ್ತದೆ ಎಂದು ತಿಳಿಸಿತು, ಹೇಳಿದಂತೆ ಮುಚ್ಚಿಯೂ ಬಿಟ್ಟಿತು. ಇನ್ನೊಮ್ಮೆ ತೆರೆದೆ, ಇನ್ನೊಮ್ಮೆ ಮುಚ್ಚಿತು.

ಕಿಸೆಯಲ್ಲಿ 500ರ ಒಂದು ನೋಟಿತ್ತು. ಅವಳ ಬಳಿ ಚಿಲ್ಲರೆ ಇರಲಿಲ್ಲ. ಈಗ ಚಿಲ್ಲರೆ ಯಾರ ಬಳಿ ಇದೆ? "ನಾಳೆ ಕೊಡಿ, ಎಲ್ಲಿಗೆ ಹೋಗುತ್ತೀರಿ" ಎಂದು ಅವಳು ಮುಂದಿನ ಗಿರಾಕಿಯತ್ತ ತಿರುಗಿದಳು. ರೈಲಿನಲ್ಲಿ ಡೊಂಬಿವಲಿಯ ಮನೆಗೆ ಮರಳುವಾಗ ಠಾಣೆಯ ತನಕ ಹೆಂಡತಿ ಮಾತಾಡಲಿಲ್ಲ. ಠಾಣೆ ದಾಟಿದ ಮೇಲೆ ಒಂದೇ ಒಂದು ವಾಕ್ಯ ಬಂತು: "ಹೂವನ್ನು ಸಾಲವಾಗಿ ಮುಡಿದದ್ದು ನಮ್ಮ ಮನೆತನದಲ್ಲಿ ನಾನೇ ಮೊದಲು."

ತಪ್ಪು ಫೋನಿನದಲ್ಲ, ನನ್ನದು. ಎಂಟು ತಿಂಗಳ ಹಿಂದೆ ಅದನ್ನು ರೂಟ್ ಮಾಡಿದ್ದೆ, ಅಂದರೆ ಕಂಪನಿ ತನ್ನ ಬಳಿ ಇಟ್ಟುಕೊಂಡಿದ್ದ ಪೂರ್ತಿ ಅಧಿಕಾರವನ್ನು ನನ್ನ ಕೈಗೆ ತೆಗೆದುಕೊಂಡಿದ್ದೆ. "ಬೇರು ಬಿಡಿಸುವುದಕ್ಕೆ ಅದೇನು ತುಳಸಿ ಗಿಡವೇ?" ಎಂದು ಅಮ್ಮ ಆಗಲೇ ಕೇಳಿದ್ದಳು. ಕಾರಣ ಇಷ್ಟೆ. ಆ ಫೋನಿನಲ್ಲಿ ಕೊಂಡ ದಿನದಿಂದಲೇ ಹನ್ನೊಂದು ಆ್ಯಪ್‌ಗಳು ಬಿಡಾರ ಹೂಡಿದ್ದವು. ಒಂದರಲ್ಲಿ ಮಿಠಾಯಿ ಒಡೆಯುವ ಆಟ, ಒಂದರಲ್ಲಿ ಸಾಲ ಕೊಡುವ ಆಮಿಷ. ಇನ್ನೊಂದು ರಾತ್ರಿ ಹನ್ನೊಂದಕ್ಕೆ ಟಣ್ ಎಂದು ಎಬ್ಬಿಸಿ ನಾಳೆಯ ರಾಶಿಫಲ ತಿಳಿಸುತ್ತಿತ್ತು. ತೆಗೆದುಹಾಕೋಣವೆಂದರೆ ತೆಗೆಯುವ ಗುಂಡಿಯೇ ಬೂದಿ ಬಳಿದುಕೊಂಡು ಕುಳಿತಿತ್ತು. ದುಡ್ಡು ಕೊಟ್ಟವನು ನಾನು, ಮನೆಯಲ್ಲಿ ಯಾರಿರಬೇಕೆಂದು ತೀರ್ಮಾನಿಸುವವರು ಇನ್ಯಾರೋ! ಒಂದು ಭಾನುವಾರ ಹಟಕ್ಕೆ ಬಿದ್ದು, ಫೋನನ್ನು ನಿದ್ದೆಯಿಂದ ಎಬ್ಬಿಸುವ ಬೂಟ್‌ಲೋಡರ್ ಎಂಬ ತಂತ್ರಾಂಶದ ಬೀಗ ತೆರೆದೆ. ಬೀಗ ಬಿಡುವ ಮೊದಲು ಫೋನು ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಅಳಿಸಿಹಾಕಿತು. ಫೋಟೋಗಳನ್ನು ತೆಗೆದಿಟ್ಟುಕೊಂಡಿದ್ದೆ, ಹಾಲಿನವನ ಎರಡು ತಿಂಗಳ ಲೆಕ್ಕವನ್ನು ಮರೆತಿದ್ದೆ. ಅಂದಿನಿಂದ ಫೋನು ಪ್ರತಿ ಸಲ ಕಣ್ಣು ತೆರೆಯುವಾಗಲೂ, ಈ ಸಾಧನದ ಬೀಗ ತೆರೆದಿದೆ, ಇದನ್ನು ನಂಬುವಂತಿಲ್ಲ ಎಂದು ಕೆಲವು ಸೆಕೆಂಡುಗಳ ಕಾಲ ನನ್ನ ಮೇಲೆ ಚಾಡಿ ಹೇಳಿಯೇ ಮುಂದಿನ ಕೆಲಸಕ್ಕೆ ಇಳಿಯುತ್ತದೆ. ಹೇಳಲಿ. ರಾಶಿಫಲದ ಕಾಟವಂತೂ ತಪ್ಪಿತು.

ಹಾಗಾದರೆ ಯಾವುದು ದೊಡ್ಡದು, ನನ್ನ ಫೋನಿಗೆ ನಾನೇ ಯಜಮಾನನಾಗಿರುವುದೋ, ಮೊಳ ಹೂವಿಗೆ ಸಲೀಸಾಗಿ ಹಣ ಕೊಡುವುದೋ? ಇದನ್ನು ತೂಗಿ ನೋಡಿ ತೀರ್ಪು ಹೇಳಬೇಕೆಂದೇ ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು ನಮ್ಮ ಕಟ್ಟಡದ ಟೆರೇಸಿನ ವಿಷಯ ಸ್ವಲ್ಪ ಹೇಳಬೇಕು.

ಡೊಂಬಿವಲಿಯಲ್ಲಿ ನಮ್ಮದು ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಕಟ್ಟಡ. ನಾವಿರುವುದು ನಾಲ್ಕನೆಯದರಲ್ಲಿ. ನಮ್ಮ ಬಾಗಿಲಿನಿಂದ ಹದಿನೇಳು ಮೆಟ್ಟಿಲು ಹತ್ತಿದರೆ ಟೆರೇಸಿನ ಕಬ್ಬಿಣದ ಬಾಗಿಲು, ಅದಕ್ಕೊಂದು ಹಿತ್ತಾಳೆಯ ಬೀಗ, ಬೀಗದ ಕೈ ಸೊಸೈಟಿಯ ಸೆಕ್ರೆಟರಿಯವರ ಮನೆಯ ಮೊಳೆಯಲ್ಲಿ. ಹನ್ನೆರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ, ಅಮ್ಮ ಊರಿನಿಂದ ಬರುವಾಗ ಎರಡು ಬಲಿತ ಹಲಸಿನಕಾಯಿ ಬಸ್ಸಿಗೆ ಹೇರಿಕೊಂಡು ಬಂದಿದ್ದಳು. ಒಂದಿಡೀ ಮಧ್ಯಾಹ್ನ ಮನೆಯವರೆಲ್ಲ ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಿದೆವು. ಬೇಯಿಸಿ, ಮೆಣಸು ಉಪ್ಪು ಹಾಕಿ ಅರೆದು, ಉಂಡೆ ಕಟ್ಟಿ, ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ ಹಪ್ಪಳವೂ ಆಯಿತು. ಒಣಗಿಸುವುದೆಲ್ಲಿ? ನಮ್ಮ ಬಾಲ್ಕನಿಗೆ ಬೆಳಿಗ್ಗೆ ಎಂಟರಿಂದ ಎಂಟೂ ಮುಕ್ಕಾಲರ ತನಕ ಬಿಸಿಲು, ಆಮೇಲೆ ಎದುರು ಕಟ್ಟಡದ ನೆರಳು.

ಬೀಗದ ಕೈ ಕೇಳಲು ಹೋದೆ. ಸೆಕ್ರೆಟರಿಯವರು ಸೋಫಾದಲ್ಲಿ ಒರಗಿದ್ದವರು ನೆಟ್ಟಗೆ ಕುಳಿತರು. ಟೆರೇಸಿಗೆ ನೀರು ಸೋರದ ಲೇಪ ಹಾಕಿಸಿದೆ, ತುಳಿದರೆ ಬಿರುಕು ಬಿಡುತ್ತದೆ ಎಂದರು. ನೀರಿನ ಟ್ಯಾಂಕಿದೆ, ಯಾರಾದರೂ ಏನಾದರೂ ಬೆರೆಸಿದರೆ ಹೊಣೆ ಯಾರು ಎಂದರು. ಮಕ್ಕಳು ಗಾಳಿಪಟದ ಹಿಂದೆ ಓಡಿ ಬಿದ್ದರೆ ಎಂದರು. ಕೊನೆಗೆ, ಎಲ್ಲ ಸೆಕ್ರೆಟರಿಗಳೂ ಹುಟ್ಟುವಾಗಲೇ ಕಲಿತು ಬರುವ ಮಾತನ್ನು ಹೇಳಿದರು: "ನಿಮಗೊಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ." ನಾನು ಸೊಸೈಟಿಯ ಸದಸ್ಯ, 50 ರೂಪಾಯಿಯ ಐದು ಷೇರುಗಳ ಪ್ರಮಾಣಪತ್ರ ನನ್ನ ಕಪಾಟಿನಲ್ಲಿದೆ ಎಂದೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದರು.

ಮರುದಿನ ಸ್ಟೇಷನ್ ರಸ್ತೆಯ ಚಾವಿವಾಲಾನನ್ನು ಕರೆದುಕೊಂಡು ಬಂದೆ. ಬರಬೇಕಾದದ್ದು ಮಧ್ಯಾಹ್ನ ಎರಡಕ್ಕೆ, ಸೆಕ್ರೆಟರಿಯವರ ನಿದ್ರೆಯ ಹೊತ್ತಿಗೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಎಂದು ಮೊದಲೇ ಹೇಳಿದ್ದೆ. ಅವನು ಬೀಗದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ಹಲ್ಲಿಲ್ಲದ ಒಂದು ಕೀಲಿಯನ್ನು ಆರಿಸಿ, ಮೇಣದ ಬತ್ತಿ ಹಚ್ಚಿ, ಅದರ ಜ್ವಾಲೆಯ ಮೇಲೆ ಹಿಡಿದ. ಕೀಲಿ ಮಸಿಯಾಯಿತು. ಬೀಗದೊಳಗೆ ತೂರಿಸಿ, ಕಿವಿ ಆನಿಸಿ, ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ ಹೊರಗೆಳೆದ. ಮಸಿಯ ಮೇಲೆ ಎರಡು ಕಡೆ ಸಾಸಿವೆಗಿಂತ ಸಣ್ಣ ಹೊಳಪು. ಅಲ್ಲಷ್ಟೇ ಅರದಿಂದ ಉಜ್ಜಿ, ಊದಿ, ಮತ್ತೆ ಮಸಿ ಹಿಡಿಸಿ, ಮತ್ತೆ ತೂರಿಸಿದ. ಹೀಗೆ ಹತ್ತೋ ಹನ್ನೆರಡೋ ಸಲ. ಬೀಗ ತನ್ನ ಗುಟ್ಟನ್ನು ತಾನೇ ಚುಕ್ಕೆ ಚುಕ್ಕೆಯಾಗಿ ಬಿಟ್ಟುಕೊಡುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದೆ. ಬೀಗ ಟಕ್ಕೆಂದಾಗ ಅವನು 150 ರೂಪಾಯಿ ಕೇಳಿದ, ನಾನು 200 ಕೊಟ್ಟೆ.

ಬಾಗಿಲು ತೆರೆದರೆ, ಲೇಪ ಹಾಕಿದ ಆ ನೆಲದ ಮೇಲೆ ಸಾಲಾಗಿ ಆರು ಗಾಜಿನ ಭರಣಿಗಳು. ಸೆಕ್ರೆಟರಿಯವರ ಮನೆಯ ನಿಂಬೆ ಉಪ್ಪಿನಕಾಯಿ ಹಾಯಾಗಿ ಬಿಸಿಲು ಕಾಯಿಸುತ್ತಿತ್ತು.

ಅಮ್ಮ ಮೂರು ದಿನ ರಾಣಿಯಂತೆ ಮೆರೆದಳು. ಚಾಪೆಯ ಮೇಲೆ ಹಪ್ಪಳ, ತಲೆಯ ಮೇಲೆ ಸೆರಗು, ಕೈಯಲ್ಲಿ ಕಾಗೆ ಓಡಿಸುವ ಕೋಲು. ನಾಲ್ಕನೆಯ ದಿನ ಮೂರನೆಯ ಮಾಳಿಗೆಯ ಮರಾಠಿ ಅಜ್ಜಿ ಕುರ್ಡೈ ಸಂಡಿಗೆಯ ತಟ್ಟೆ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದರು. ಐದನೆಯ ದಿನ ಗುಜರಾತಿ ಮನೆಯವರು ಖೀಚಿಯಾ ಹಪ್ಪಳ ತಂದರು. ನನ್ನ ಕೀಲಿಗೆ ಮರಿಗಳಾದವು, ಮರಿಗೆ ಮರಿಗಳಾದವು. ಎಂಟನೆಯ ದಿನ ಯಾರೋ ಕೈ ತೊಳೆಯಲು ಟ್ಯಾಂಕಿನ ನಲ್ಲಿ ತಿರುಗಿಸಿದವರು ಹಾಗೆಯೇ ಬಿಟ್ಟು ಇಳಿದುಹೋದರು. ಇಡೀ ಕಟ್ಟಡಕ್ಕೆ ಸಂಜೆಯವರೆಗೆ ಹನಿ ನೀರಿಲ್ಲ. ಸೆಕ್ರೆಟರಿಯವರ ಮುಖದಲ್ಲಿ ಅಂದು ಕಂಡ ತೃಪ್ತಿಯನ್ನು ನಾನು ಇಂದಿಗೂ ಮರೆತಿಲ್ಲ. ಅಂಕಿ ತಿರುಗಿಸುವ ಹೊಸ ಬೀಗ ಬಂತು. ನನ್ನ ಸ್ಕೂಟರಿಗೆ ಸಿಗಬೇಕಾಗಿದ್ದ ಪಾರ್ಕಿಂಗ್ ಚೀಟಿ ಹನ್ನೊಂದು ತಿಂಗಳು ತಡೆದು ನಿಂತಿತು. ಕೇಳಿದಾಗಲೆಲ್ಲ ಒಂದೇ ಉತ್ತರ: "ಸುರಕ್ಷತೆಯ ಪ್ರಶ್ನೆ." ಟೆರೇಸಿನ ಬೀಗಕ್ಕೂ ನೆಲದ ಮೇಲಿನ ಸ್ಕೂಟರಿಗೂ ಏನು ಸಂಬಂಧ ಎಂದು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಅಷ್ಟರಲ್ಲಿ ವಡಾಪಾವ್ ಬಂತು, ಸಭೆ ಮುಗಿಯಿತು. ಈ ಕಥೆಯನ್ನು ಇಷ್ಟುದ್ದ ಹೇಳಬೇಕಾಗಿರಲಿಲ್ಲ. ಆದರೆ ಹನ್ನೆರಡು ವರ್ಷವಾದರೂ ಆ ನಿಂಬೆ ಉಪ್ಪಿನಕಾಯಿಯ ಸಿಟ್ಟು ಆರಿಲ್ಲ.

ಫೋನಿನ ಮಾತಿಗೆ ಬರುತ್ತೇನೆ. ರೂಟ್ ಮಾಡಿದವರಿಗೆ, ಆ ಕೆಲಸಕ್ಕೆ ಬಳಸುವ ಮ್ಯಾಜಿಸ್ಕ್ ಎಂಬ ತಂತ್ರಾಂಶ ಗೊತ್ತು. ಮ್ಯಾಜಿಕ್ ಮತ್ತು ಮಾಸ್ಕ್ ಸೇರಿ ಆದ ಹೆಸರು, ಮಾಯಾ ಮುಖವಾಡ. ಅದು ಹೊರಬಂದದ್ದು 2016ರಲ್ಲಿ. ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ರಘುರಾಮ್ ರಾಜನ್ ಇದೇ ಮುಂಬಯಿಯಲ್ಲಿ ಯುಪಿಐಗೆ ಚಾಲನೆ ಕೊಟ್ಟದ್ದೂ 2016ರಲ್ಲೇ, ಏಪ್ರಿಲ್ 11ರಂದು. ಆ ನವೆಂಬರಿನಲ್ಲಿ ನೋಟು ರದ್ದಾಗಿ ಊರೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತ ಮೇಲೆ ಯುಪಿಐ ಏನಾಯಿತೆಂದು ಹೂವಿನ ಬುಟ್ಟಿಗಳೇ ಹೇಳುತ್ತವೆ. ಒಂದೇ ವರ್ಷ ಹುಟ್ಟಿದ ಈ ಇಬ್ಬರು ದಾಯಾದಿಗಳನ್ನು ಎಂಟು ತಿಂಗಳು ಒಂದೇ ಸೂರಿನಡಿ ಇಟ್ಟುಕೊಂಡಿದ್ದೆ. ಹಣದ ಆ್ಯಪ್ ಮನೆಯೊಳಗೆ ಇಣುಕುವಾಗ ಮುಖವಾಡ ರೂಟಿನ ಗುರುತನ್ನು ಬಚ್ಚಿಡುತ್ತಿತ್ತು. ಆಂಡ್ರಾಯ್ಡ್‌ನವರು ಮೊದಲು ಸೇಫ್ಟಿನೆಟ್ ಎಂಬ ಕಾವಲುಗಾರನನ್ನಿಟ್ಟಿದ್ದರು, ಈಗ ಅವನ ಜಾಗದಲ್ಲಿ ಪ್ಲೇ ಇಂಟೆಗ್ರಿಟಿ ಇದ್ದಾನೆ. ಹೊಸಬ ಗಟ್ಟಿಗ. ಮೇಲುಮೇಲಿನ ವೇಷ ನೋಡಿ ಬಿಡುವುದಿಲ್ಲ, ಫೋನಿನ ಚಿಪ್‌ನೊಳಗೆ ತಯಾರಕರೇ ಇಟ್ಟಿರುವ ಕೀಲಿಯ ಸಾಕ್ಷಿ ಕೇಳುತ್ತಾನೆ. ಪ್ರತಿ ಅಪ್‌ಡೇಟ್ ಬಂದಾಗಲೂ ನನ್ನದೊಂದು ಭಾನುವಾರ ಹೋಗುತ್ತಿತ್ತು. ಹೆಂಡತಿಯ ಲೆಕ್ಕದಲ್ಲಿ ಎರಡು.

ಬ್ಯಾಂಕಿನವರ ಭಯ ಪೂರ್ತಿ ಸುಳ್ಳೆಂದು ನಾನು ವಾದಿಸುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪಿಗೂ ಅದರದೇ ಕೋಣೆ, ಒಬ್ಬರ ಕೋಣೆಗೆ ಇನ್ನೊಬ್ಬರು ಹೊಗುವಂತಿಲ್ಲ. ರೂಟ್ ಎಂದರೆ ಎಲ್ಲ ಕೋಣೆಗೂ ಆಗುವ ಕೀಲಿ. ಅದು ಕಳ್ಳ ಆ್ಯಪಿನ ಕೈಗೆ ಸಿಕ್ಕರೆ ಗತಿಯೇನು? ನಲ್ಲಿ ತೆರೆದಿಟ್ಟು ಹೋದವರನ್ನು ಕಂಡವನು ನಾನು. ಆದರೆ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ಫೋನಿಗೆ ನಾಲ್ಕು ವರ್ಷದಿಂದ ಒಂದೇ ಒಂದು ಸುರಕ್ಷತಾ ಅಪ್‌ಡೇಟ್ ಬಂದಿಲ್ಲ. ಅದು ತೂತು ಬಿದ್ದ ಜರಡಿ. ಅದರಲ್ಲಿ ಎಲ್ಲ ಆ್ಯಪ್‌ಗಳೂ ಕೈಮುಗಿದು ಕೆಲಸ ಮಾಡುತ್ತವೆ, ಯಾಕೆಂದರೆ ಅವರು ಬೀಗ ಮುಟ್ಟಿಲ್ಲ. ತಿಂಗಳು ತಿಂಗಳು ತೇಪೆ ಹಾಕಿ ಜೋಪಾನ ಮಾಡುವ ನಾನು ಅಪಾಯಕಾರಿ! ಇನ್ನು, ಇವತ್ತು ರಾತ್ರಿ ನಿಮ್ಮ ಕರೆಂಟು ಕಡಿತವಾಗುತ್ತದೆ ಎಂದು ಫೋನು ಮಾಡಿ ಖಾತೆ ಬರಿದು ಮಾಡುವವನಿಗೆ ಯಾವ ರೂಟೂ ಬೇಡ, ನಯವಾದ ಒಂದು ದನಿ ಸಾಕು. ಅವನಿಗೆ ಕೆಂಪು ತ್ರಿಕೋನ ತೋರಿಸುವ ಆ್ಯಪನ್ನು ನಾನಿನ್ನೂ ಕಂಡಿಲ್ಲ.

ಮುಂಬಯಿಯ ಹಳೆಯ ಚಾಳುಗಳಲ್ಲಿ ಪಗಡಿ ಎಂಬ ಪದ್ಧತಿಯಿದೆ. ಕೋಣೆಗೆ ದೊಡ್ಡ ಗಂಟು ಕೊಟ್ಟು ಒಳಗೆ ಹೋಗಬೇಕು, ಹೋದ ಮೇಲೂ ತಿಂಗಳಿಗಿಷ್ಟು ಬಾಡಿಗೆ ತೆರುತ್ತಿರಬೇಕು, ಬಿಟ್ಟು ಹೋಗುವಾಗ ಬಂದ ಹಣದಲ್ಲೂ ಮಾಲೀಕನಿಗೆ ಪಾಲು ಒಪ್ಪಿಸಬೇಕು. ಕೋಣೆ ನಿಮ್ಮದೋ ಅಲ್ಲವೋ ಎಂದು ಕೇಳಿದರೆ ಮೂರು ತಲೆಮಾರಿನಿಂದ ಅಲ್ಲಿರುವವರೂ ಒಂದು ಕ್ಷಣ ತಡೆದು ಉತ್ತರಿಸುತ್ತಾರೆ. ನನ್ನ ಫೋನಿನ ಬಗ್ಗೆ ಯಾರಾದರೂ ಕೇಳಿದರೆ ನಾನೂ ಹಾಗೆಯೇ ತಡೆಯುತ್ತೇನೆ.

ಕಳೆದ ಶನಿವಾರ ಸೋತು, ಅಗ್ಗದ ಇನ್ನೊಂದು ಫೋನು ಕೊಂಡೆ. ಹಣ ಕೊಡುವುದಕ್ಕೆ ಒಂದು, ಯಜಮಾನಿಕೆಗೆ ಒಂದು. ಎರಡು ಕಿಸೆ, ಎರಡು ಫೋನು, ಜಗಳವಿಲ್ಲ ಎಂದುಕೊಂಡಿದ್ದೆ. ಖಾತೆ ಜೋಡಿಸುವಾಗ ಯುಪಿಐ ಆ್ಯಪ್ ಅದೇ ಫೋನಿನಿಂದ ಎಸ್ಸೆಮ್ಮೆಸ್ ಕಳುಹಿಸುತ್ತದೆ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅಲ್ಲೇ ಇರಬೇಕು ಎಂಬುದು ತಲೆಗೆ ಹೊಳೆದದ್ದು ಆಮೇಲೆ. ಸಿಮ್ ಹೊಸದಕ್ಕೆ ಹೋಯಿತು. ಸಿಮ್ಮಿನ ಹಿಂದೆ ಕರೆಗಳು ಹೋದವು, ಕರೆಗಳ ಹಿಂದೆ ನಾನೂ ಹೋದೆ. ಹೊಸ ಫೋನಿನಲ್ಲಿ ಅಳಿಸಲಾಗದ ಆ್ಯಪ್‌ಗಳು ಹದಿನಾಲ್ಕು. ರಾಶಿಫಲದವನು ಇಲ್ಲೂ ಇದ್ದಾನೆ, ಈಗ ಬೆಳಿಗ್ಗೆ ಐದೂವರೆಗೆ ಎಬ್ಬಿಸುತ್ತಾನೆ. ಸರ್ವತಂತ್ರ ಸ್ವತಂತ್ರವಾದ ಹಳೆಯದು ಅಡುಗೆಮನೆಯ ಕಿಟಕಿಯಲ್ಲಿ ಕುಳಿತು ಅಮ್ಮನಿಗೆ ಯಕ್ಷಗಾನದ ಹಳೆಯ ಧ್ವನಿಮುದ್ರಣ ಕೇಳಿಸುತ್ತದೆ. ಜಾಹೀರಾತಿಲ್ಲದೆ, ಅದು ನಿಜ. ಭಾಗವತರ ಪದ್ಯ ನಡುವೆ ಕಡಿಯುವುದಿಲ್ಲ ಎಂದು ಅಮ್ಮನೂ ಒಪ್ಪುತ್ತಾಳೆ.

ಸೋಮವಾರ ಮಾಟುಂಗದಲ್ಲಿ ಇಳಿದು ನೇರ ಹೂವಿನವಳ ಬಳಿ ಹೋದೆ. ಹೊಸ ಫೋನನ್ನು ಚೌಕಕ್ಕೆ ಹಿಡಿದೆ. ತ್ರಿಕೋನವಿಲ್ಲ, ತಕರಾರಿಲ್ಲ, ಗುಪ್ತ ಸಂಖ್ಯೆ ಒತ್ತಿದ್ದೇ ತಡ ಅವಳ ಬುಟ್ಟಿಯ ಪಕ್ಕದ ಪೆಟ್ಟಿಗೆ ಇಡೀ ಬೀದಿಗೆ ಕೇಳುವಂತೆ ಸಾರಿತು: ಮುನ್ನೂರು ರೂಪಾಯಿ ಬಂದಿದೆ. ಸಣ್ಣ ಪರದೆ, ದಪ್ಪ ಬೆರಳು, ಒಂದು ಸೊನ್ನೆ ಹೆಚ್ಚು ಬಿದ್ದಿತ್ತು. ಹಿಂದಕ್ಕೆ ಕೊಡಲು ಅವಳ ಬಳಿ ಅಂದೂ ಚಿಲ್ಲರೆ ಇರಲಿಲ್ಲ. ಹಣ ವಾಪಸು ಕಳುಹಿಸುವುದು ಮಗನಿಗೆ ಮಾತ್ರ ಗೊತ್ತು, ಅವನು ಊರಿಗೆ ಹೋಗಿದ್ದಾನೆ ಎಂದಳು. ಬೆರಳು ಮಡಚಿ ಲೆಕ್ಕ ಹಾಕಿದಳು: "ಹಳೆಯದು ಒಂದು ಮೊಳ ಕಳೆದರೆ ಇನ್ನು ಒಂಬತ್ತು. ದಿನಾ ಬಂದು ತೆಗೆದುಕೊಂಡು ಹೋಗಿ."

ಇವತ್ತಿಗೆ ಮೂರು ಮೊಳ ಮುಗಿದಿದೆ. ಹಣ ಮುಂಗಡ ಬಂದ ಮೇಲೆ ಅವಳ ಮೊಳ ಮೊದಲನೆಯ ಗಿಣ್ಣಿಗೇ ನಿಲ್ಲುತ್ತಿದೆಯೆಂದು ಹೆಂಡತಿಗೆ ಅನುಮಾನ. ನಾಳೆ ಅಳತೆ ಪಟ್ಟಿ ತರುತ್ತಾಳಂತೆ.