ವಾಕಿಂಗಿಗೆ ಬಂದವರು ಹಕ್ಕಿಯ ಬೆನ್ನು ಬೀಳಬೇಡಿ

ಇದನ್ನು ಓದಿ ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿರುವ ಹಕ್ಕಿ ಫೋಟೋಗ್ರಾಫರುಗಳು ಮುನಿಸಿಕೊಳ್ಳಬಹುದು. ಪರವಾಗಿಲ್ಲ, ಕಾಫಿ ಕೊಡಿಸಿ ರಾಜಿ ಮಾಡಿಕೊಳ್ಳುತ್ತೇನೆ. ನಾನು ಹೇಳಹೊರಟಿರುವುದು ಇಷ್ಟೇ: ನಡೆಯುತ್ತಾ ನಡೆಯುತ್ತಾ ಫೋಟೋ ತೆಗೆಯುವುದರಷ್ಟು ತಲೆ ಹಗುರಾಗಿಸುವ ಹವ್ಯಾಸ ಇನ್ನೊಂದಿಲ್ಲ. ಆದರೆ ಅದರೊಳಗೆ ಹಕ್ಕಿ ಬಂದು ಕೂತಿತೋ, ನಡಿಗೆಯೂ ಕೆಡುತ್ತದೆ, ಫೋಟೋನೂ ಕೆಡುತ್ತದೆ, ಕೊನೆಗೆ ಹಕ್ಕಿಗೂ ನೆಮ್ಮದಿ ಇರುವುದಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬಂದು ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ. ಒಂದು ಸುತ್ತು ಹಾಕಿದರೆ ನಾಲ್ಕೈದು ಕಿಲೋಮೀಟರ್. ಸುತ್ತಲೂ ಮರ, ಆಚೆ ಚಾಮುಂಡಿ ಬೆಟ್ಟ, ನೀರಿನ ಮಧ್ಯದ ನಡುಗಡ್ಡೆಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ. ಇಷ್ಟೆಲ್ಲ ಇದ್ದರೂ ಮೊದಲು ಕಣ್ಣಿಗೆ ಬೀಳುವುದು ದಂಡೆಯುದ್ದಕ್ಕೂ ಸಾಲಾಗಿ ನಿಂತ ಲೆನ್ಸುಗಳು. ದೂರದ ಹಕ್ಕಿಯನ್ನು ಹತ್ತಿರಕ್ಕೆ ಎಳೆದು ತೋರಿಸುವ 150-600 ಎಂಎಂ ಲೆನ್ಸೇ ಎರಡು ಕಿಲೋ ಆಸುಪಾಸು ತೂಗುತ್ತದೆ, ಬೆಲೆ ಲಕ್ಷದ ಹತ್ತಿರ. ಅದನ್ನು ಹೊತ್ತವರ ಮುಖದಲ್ಲಿ ರಜೆಯ ದಿನದ ಕಳೆ ನನಗಂತೂ ಕಂಡಿಲ್ಲ. ಟಾರ್ಗೆಟ್ ಮುಟ್ಟದ ತಿಂಗಳ ಕೊನೆಯಲ್ಲಿ ನಮ್ಮ ಬ್ರಾಂಚಿನವರ ಮುಖ ಹೇಗಿರುತ್ತದೋ ಹಾಗಿರುತ್ತದೆ. ಎದುರಾದವರು ನಮಸ್ಕಾರವನ್ನೂ ಹೇಳುವುದಿಲ್ಲ, "ಏನ್ ಸಿಕ್ತು ಸಾರ್?" ಅನ್ನುತ್ತಾರೆ. "ಏನೂ ಇಲ್ಲ, ಬರೀ ಬೆಳ್ಳಕ್ಕಿ" ಎಂದು ಉತ್ತರ ಬರುತ್ತದೆ. ಪಾಪ, ಆ ಬೆಳ್ಳಕ್ಕಿ ಏನು ತಪ್ಪು ಮಾಡಿತ್ತೋ.

ಹಕ್ಕಿ ಫೋಟೋಗ್ರಫಿಯ ಮೇಲೆ ನನಗೆ ಸಿಟ್ಟಿಲ್ಲ. ಈ ವಿಷಯದಲ್ಲಿ ಕರ್ನಾಟಕದವರು ಕಾಲರ್ ಏರಿಸಿಕೊಂಡು ಓಡಾಡಬಹುದು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ರಾಜ್ಯದ ಹಣಕಾಸು ಮಂತ್ರಿಯಾಗಿದ್ದುಕೊಂಡೇ ಕಾಡಿನ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳನ್ನು ಕ್ಯಾಮೆರಾದಲ್ಲಿ ಹಿಡಿದ ಪೂರ್ಣಚಂದ್ರ ತೇಜಸ್ವಿ. ಫಿಲಂ ರೋಲಿನ ಕಾಲ ಅದು. ಒಂದು ರೋಲಿಗೆ 36 ಫ್ರೇಮು, ತೊಳೆಸಿ ನೋಡುವ ತನಕ ಏನು ಬಂದಿದೆ ಅಂತ ತಿಳಿಯುತ್ತಿರಲಿಲ್ಲ. ಅವರೆಲ್ಲ ಮಾಡುತ್ತಿದ್ದ ಕೆಲಸದ ಮುಖ್ಯ ಭಾಗ ಅಂದರೆ ಒಂದು ಕಡೆ ಕೂರುವುದು. ಮರೆ ಕಟ್ಟಿಕೊಂಡು, ಅಲ್ಲಾಡದೆ, ಹಕ್ಕಿಗೆ ತಮ್ಮ ಇರವು ಮರೆತೇ ಹೋಗುವ ತನಕ ಕೂರುವುದು.

ನನ್ನ ತಕರಾರು ಇಲ್ಲಿಯೇ. ಹಕ್ಕಿಯದು ಕೂತು ಮಾಡುವ ಫೋಟೋಗ್ರಫಿ. ವಾಕಿಂಗ್ ಮಾಡುವವರು ನಡೆಯಲು ಬಂದವರು. ಎರಡನ್ನೂ ಒಟ್ಟಿಗೆ ಮಾಡಹೊರಟರೆ, ಗಿಡದ ಮರೆಯಲ್ಲಿ ಕಾಳು ಹೆಕ್ಕುತ್ತಿದ್ದ ಹಕ್ಕಿ ನಮ್ಮ ಶೂ ಸದ್ದಿಗೇ ಹಾರುತ್ತದೆ. ಮುಂದಿನ ಕೊಂಬೆಗೆ ಹೋದರೆ ನಾವೂ ಹಿಂದೆ. ಮತ್ತೆ ಹಾರುತ್ತದೆ. ಮರಿ ಸಾಕುವ ಕಾಲದಲ್ಲಿ ಹೀಗೆ ಎಬ್ಬಿಸಿದಷ್ಟೂ ಅದು ತಿನ್ನುವ, ತಿನ್ನಿಸುವ ಹೊತ್ತು ಹೋಗುತ್ತದೆ. ಇದು ಸಾಲದು ಅಂತ ಕೆಲವರು ಫೋನಿನಲ್ಲಿ ಅದೇ ಜಾತಿಯ ಹಕ್ಕಿಯ ಕೂಗು ಹಾಕಿ ಕರೆಯುತ್ತಾರೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಅದು ಜಗಳಕ್ಕೆ ಬರುತ್ತದೆ, ಇವರು ಕ್ಲಿಕ್ ಮಾಡುತ್ತಾರೆ. ಇದಕ್ಕೆ ಹವ್ಯಾಸ ಅನ್ನುವ ಹೆಸರು ಬೇಡ.

ಹಾಗಾದರೆ ನಡೆಯುವವರು ತೆಗೆಯುವುದೇನನ್ನು? ಓಡಿಹೋಗದೆ ಇರುವುದನ್ನು! ಹೊಂಗೆ ಎಲೆ, ಅತ್ತಿ ಮರದ ಬೊಡ್ಡೆ, ಕೆಂಜಿಗನ ಗೂಡು, ಮಳೆ ನಿಂತ ಮೇಲೆ ಕೊಳೆತ ದಿಮ್ಮಿಯ ಮೇಲೆ ಎದ್ದ ಅಣಬೆ, ಬೇಲಿಯ ಮೇಲಿನ ಜೇಡ.

ಜೇಡದ್ದು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಮ್ಮ ಬಡಾವಣೆಯ ಪಾರ್ಕಿನ ಬೇಲಿಯಲ್ಲಿ ಒಂದು ಜೇಡ ಇರುತ್ತದೆ, ಬಲೆಯ ನಡುವೆ ಬಿಳಿ ದಾರದಲ್ಲಿ ಗುಣಾಕಾರದ ಗುರುತು ಹಾಕುತ್ತದೆ. ಸಿಗ್ನೇಚರ್ ಸ್ಪೈಡರ್ ಅಂತ ಕರೆಯುತ್ತಾರೆ. ನೀವೂ ನೋಡಿರುತ್ತೀರಿ, ನಿಂತು ನೋಡಿರಲಿಕ್ಕಿಲ್ಲ. ಎಂಟು ಕಾಲುಗಳನ್ನೂ ಎರಡೆರಡಾಗಿ ಜೋಡಿಸಿ ಆ ಗುರುತಿನ ನಾಲ್ಕು ಕೈಗಳ ಗುಂಟ ಚಾಚಿಕೊಂಡು, ತಲೆ ಕೆಳಗೆ ಮಾಡಿ ಕೂತಿರುತ್ತದೆ. ನಾಲ್ಕೇ ಕಾಲಿನ ಪ್ರಾಣಿ ಅನ್ನಿಸಬೇಕು, ಹಾಗೆ. ತುಂಬಾ ಹತ್ತಿರ ಹೋದರೆ ಇಡೀ ಬಲೆಯನ್ನೇ ಜೋರಾಗಿ ಅಲ್ಲಾಡಿಸುತ್ತದೆ. ಆ ಗುರುತು ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ. ಒಮ್ಮೆ ನಾಲ್ಕು ಕೈ, ಒಮ್ಮೆ ಎರಡೇ, ಒಮ್ಮೊಮ್ಮೆ ಸಹಿ ಮಾಡುವಾಗ ಪೆನ್ನು ನಿಂತುಹೋದಂತೆ ಅರ್ಧಕ್ಕೇ ಬಿಟ್ಟಿರುತ್ತದೆ. ಯಾಕೆ ಹಾಕುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೂ ಒಮ್ಮತವಿಲ್ಲ. ಹುಳುಗಳನ್ನು ಸೆಳೆಯಲು ಅಂತ ಕೆಲವರು, ಹಕ್ಕಿಗಳು ನುಗ್ಗಿ ಬಲೆ ಹರಿಯದಿರಲಿ ಅಂತ ಕೆಲವರು, ಶತ್ರುಗಳನ್ನು ಬೆದರಿಸಲು ಅಂತ ಇನ್ನು ಕೆಲವರು.

ಇದನ್ನು ಫೋನಿನಲ್ಲಿ ತೆಗೆಯಲು ಹೋದರೆ ಮೊದಲು ಬರುವುದು ಹಿಂದಿನ ಗಿಡದ ಫೋಟೋ. ಬಲೆಯ ಎಳೆ ಎಷ್ಟು ಸಣ್ಣ ಅಂದರೆ ಕ್ಯಾಮೆರಾಕ್ಕೆ ಅಲ್ಲೊಂದು ವಸ್ತು ಇದೆ ಅಂತಲೇ ಗೊತ್ತಾಗುವುದಿಲ್ಲ, ಅದರ ಫೋಕಸ್ಸು ನೇರ ಹಿಂದಕ್ಕೆ ಹೋಗಿ ಕೂರುತ್ತದೆ. ಇದಕ್ಕೊಂದು ಉಪಾಯ ಇದೆ. ಎಡಗೈಯನ್ನು ಬಲೆಗೆ ತಾಗದಂತೆ ಅದರ ಸರಿಸಮಕ್ಕೆ ಹಿಡಿಯಿರಿ. ಸ್ಕ್ರೀನಿನಲ್ಲಿ ಕೈ ಕಾಣುವ ಕಡೆ ಬೆರಳೊತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಫೋನು ಅಲ್ಲಾಡಿಸದೆ ಕೈ ತೆಗೆಯಿರಿ. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆದು ಬೆಳಕು ಕಡಿಮೆ ಮಾಡಿ. ಬಿಸಿಲು ಎದುರಿನಿಂದ ಬೀಳುತ್ತಿದ್ದು ಹಿಂದೆ ನೆರಳಿದ್ದರೆ ಒಂದೊಂದು ಎಳೆಯೂ ಬೆಳ್ಳಿ ತಂತಿಯಂತೆ ಎದ್ದು ಬರುತ್ತದೆ. ಇಷ್ಟು ಮಾಡುವುದಕ್ಕೆ ಉಸಿರು ಬಿಗಿಹಿಡಿದು ನಿಲ್ಲಬೇಕು, ಆ ಹೊತ್ತಿನಲ್ಲಿ ಆಫೀಸಿನ ಆಡಿಟ್ ಆಗಲಿ, ಮಗನ ಸಿಇಟಿ ಆಗಲಿ ನೆನಪಿಗೆ ಬಂದರೆ ಹೇಳಿ. ನನಗೆ ಸಿಕ್ಕಿರುವ ನೆಮ್ಮದಿ ಎಲ್ಲ ಇಂಥ ಕಡೆಯೇ.

ಬೆಳಕಿನ ಮಾತು ಬಂತಲ್ಲ. ಬೆಳಿಗ್ಗೆ ಸೂರ್ಯ ತಗ್ಗಿನಲ್ಲಿರುವಾಗ ಬೆಳಕು ಹೆಚ್ಚು ಗಾಳಿಯನ್ನು ಹಾಯ್ದು ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತವೆ. ಜೊತೆಗೆ ಅಡ್ಡಡ್ಡ ಬೀಳುವುದರಿಂದ ತೊಗಟೆಯ ಒಂದೊಂದು ಬಿರುಕಿಗೂ ನೆರಳು ಹುಟ್ಟುತ್ತದೆ. ಯೂಟ್ಯೂಬಿನ ಯುರೋಪಿನವರು ಹೇಳಿದ್ದನ್ನು ಕೇಳಿ ಈ ಹೊನ್ನಿನ ಹೊತ್ತು ಗಂಟೆಗಟ್ಟಲೆ ಇರುತ್ತದೆ ಅಂದುಕೊಳ್ಳಬೇಡಿ. ಮೈಸೂರು ಇರುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೆ 12 ಡಿಗ್ರಿ ಚಿಲ್ಲರೆಯಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ತೆವಳುವುದಿಲ್ಲ, ನೆಟ್ಟಗೆ ಮೇಲೇರುತ್ತಾನೆ. ಒಳ್ಳೆಯ ಬೆಳಕು ಅಂತ ಸಿಗುವುದು ಅರ್ಧ ಗಂಟೆ ಆಸುಪಾಸು. ಏಪ್ರಿಲ್ ಕೊನೆಯ ಹೊತ್ತಿಗಂತೂ ಮಧ್ಯಾಹ್ನ ನಮ್ಮ ನೆರಳು ನಮ್ಮ ಕಾಲಡಿಯಲ್ಲೇ ಮಾಯ. ಯುಗಾದಿಯ ಆಚೀಚೆ ಹೊಂಗೆ ಚಿಗುರಿದಾಗ ಆ ಅರ್ಧ ಗಂಟೆಯಲ್ಲಿ ಎಲೆಯ ಕೆಳಗೆ ನಿಂತು ಮೇಲೆ ನೋಡಿ. ಬಿಸಿಲು ಎಲೆಯೊಳಗಿಂದ ಸೋಸಿ ಬರುತ್ತದೆ. ಬಲಿತ ಎಲೆಯ ಮೇಲೆ ಹುಳು ಒಳಗೊಳಗೇ ಕೊರೆದ ಬಿಳಿ ಗೀರುಗಳಿರುತ್ತವೆ, ಯಾವುದೋ ಊರಿನ ನಕಾಶೆಯ ಥರ. ನನ್ನ ಫೋನಿನ ತುಂಬಾ ಇಂಥವೇ.

ಫೋಟೋ ತೆಗೆಯುತ್ತಾ ಕೂತರೆ ಕಣ್ಣಾರೆ ನೋಡುವುದೇ ತಪ್ಪುತ್ತದೆ ಅಂತ ಒಂದು ಮಾತಿದೆ. ಅದು ಅರ್ಧ ನಿಜ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಎಂಬುವರು ಮ್ಯೂಸಿಯಮ್ಮಿನಲ್ಲಿ ಒಂದು ಪ್ರಯೋಗ ಮಾಡಿದ್ದರು, 2014ರಲ್ಲಿ ಪ್ರಕಟವಾಯಿತು. ಅಲ್ಲಿನ ವಸ್ತುಗಳಲ್ಲಿ ಕೆಲವನ್ನು ಬರೀ ನೋಡಿ, ಕೆಲವನ್ನು ಫೋಟೋ ತೆಗೆಯಿರಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಮಾರನೆಯ ದಿನ ಕೇಳಿದರೆ, ಇಡಿಯಾಗಿ ಫೋಟೋ ತೆಗೆದ ವಸ್ತುಗಳೇ ಅವರಿಗೆ ಕಡಿಮೆ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರ ನೆನಪಿಗೆ ಏನೂ ಧಕ್ಕೆಯಾಗಿರಲಿಲ್ಲ. ಚೌಕಟ್ಟಿನಿಂದ ಹೊರಗುಳಿದ ಭಾಗವೂ ಅವರಿಗೆ ನೆನಪಿತ್ತು. ಕೆರೆ, ಬೆಟ್ಟ, ಆಕಾಶ ಮೂರನ್ನೂ ಒಂದೇ ಫ್ರೇಮಿಗೆ ತುರುಕಿ ಮುಂದೆ ಹೋಗುವವರಿಗೂ ಒಂದು ಎಲೆಯ ಅಂಚಿಗೆ ಬಗ್ಗುವವರಿಗೂ ಇರುವ ವ್ಯತ್ಯಾಸ ನನಗೆ ಅಲ್ಲಿ ಅರ್ಥವಾಯಿತು.

ಮನುಷ್ಯರ ಫೋಟೋ ಬಗ್ಗೆ ಕೂಡ ಒಂದು ಮಾತು. ಮೈಸೂರಿನವರೇ ಆದ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರನ್ನು ಈಗಿನ ಹುಡುಗರು ಮರೆತಿದ್ದಾರೆ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು, 1977ರಲ್ಲಿ ಪದ್ಮಶ್ರೀ ಬಂದಿತ್ತು. ಅಮೆರಿಕದ ಲೈಫ್ ಪತ್ರಿಕೆಗೆ ಕೆಲಸ ಮಾಡಿದ ಇವರ ಹೆಸರು ಉಳಿದಿರುವುದು ಮುಖ್ಯವಾಗಿ ಸಾಧಾರಣ ಜನರ ಸಾಧಾರಣ ದಿನಗಳ ಚಿತ್ರಗಳಿಂದ, ಅದರಲ್ಲೂ ಮಕ್ಕಳ ಚಿತ್ರಗಳಿಂದ. ದೇವರಾಜ ಮಾರ್ಕೆಟ್ಟಿನ ಕಡೆ ನಡೆದು ಹೋಗುವಾಗ ನನಗೂ ಅಂಥ ಆಸೆ ಹುಟ್ಟುತ್ತದೆ. ಕೇಳದೆ ತೆಗೆಯುವುದಿಲ್ಲ, ಅಷ್ಟೇ. ಹೂ ಕಟ್ಟುತ್ತಿದ್ದ ಒಬ್ಬ ಅಜ್ಜಿ, "ನನ್ ಮಖ ಯಾಕವ್ವ? ಈ ಕೈ ತಗೊ, ಐವತ್ ವರ್ಸದಿಂದ ಕೆಲಸ ಮಾಡ್ತಿರೋದು ಇದೇ" ಎಂದರು. ಕೈಯನ್ನೇ ತೆಗೆದೆ. ಬಾಳೆನಾರು ಸುತ್ತಿದ ತೋರುಬೆರಳು, ಹಸಿರು ಹತ್ತಿದ ಉಗುರು, ಎರಡು ಮಲ್ಲಿಗೆ ಮೊಗ್ಗು. ಫೋಟೋಗ್ರಫಿ ಕ್ಲಾಸಿಗೆ ದುಡ್ಡು ಕಟ್ಟಿದ್ದರೂ ಯಾರೂ ಹೀಗೆ ಹೇಳಿಕೊಡುತ್ತಿರಲಿಲ್ಲ.

ನಮ್ಮನೆಯವರ ಆಕ್ಷೇಪಣೆ ಬೇರೆ. ಅವರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಬಿರುಸಾಗಿ ನಡೆಯಲು ಹೇಳಿದ್ದಾರೆ. "ಕೂತ್ಕೋಳೋರ ಫೋಟೋಗ್ರಫಿ ಬೇರೆ, ನಡೆಯೋರದ್ದು ಬೇರೆ ಅಂತ ಭಾಷಣ ಮಾಡ್ತೀಯಲ್ಲ, ನೀನು ನಡೆದಿದ್ದೆಲ್ಲೇ? ಮರಕ್ಕೊಂದ್ ಸಲ ನಿಲ್ತೀಯ" ಅನ್ನುತ್ತಾರೆ. ಇದರಲ್ಲಿ ಅವರ ಕಡೆಯೇ ನ್ಯಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮದ ವ್ಯಾಯಾಮ ಹೇಳುತ್ತದೆ. ಅತ್ತಿ ಬೊಡ್ಡೆಯ ಮುಂದೆ ಬಗ್ಗಿ ನಿಂತ ಹೊತ್ತು ಆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಒಪ್ಪಂದ ಇದೆ. ವಾರದ ದಿನಗಳಲ್ಲಿ ಫೋನು ಅವರ ಜೇಬಿನಲ್ಲಿ, ನಾನು ಅವರ ಹಿಂದೆ ಓಡುನಡಿಗೆಯಲ್ಲಿ. ಭಾನುವಾರ ಅವರು ಒಬ್ಬರೇ ಮುಂದೆ ಹೋಗುತ್ತಾರೆ. ಅವರು ಎರಡು ಸುತ್ತು ಮುಗಿಸುವ ಹೊತ್ತಿಗೆ ನನ್ನದು ಒಂದು ಸುತ್ತೂ ಆಗಿರುವುದಿಲ್ಲ. ವ್ಯಾಯಾಮ ಮತ್ತು ಫೋಟೋ ಎರಡೂ ಒಂದೇ ಏಟಿಗೆ ಆಗುತ್ತದೆ ಅನ್ನುವವರ ಮಾತು ನಂಬಬೇಡಿ.

ತೆಗೆದ ಫೋಟೋಗಳನ್ನು ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಮನೆಗೆ ಬಂದು ಕಾಫಿ ಕುಡಿಯುತ್ತಾ ಮುಕ್ಕಾಲು ಪಾಲು ಅಳಿಸುತ್ತೇನೆ. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಗುಡ್ ಮಾರ್ನಿಂಗ್ ಬರೆದು ಕಳಿಸಿ ಅಂತ ನಮ್ಮ ನಾದಿನಿ ದುಂಬಾಲು ಬೀಳುತ್ತಾಳೆ, ಕೊಟ್ಟಿಲ್ಲ. ಇಲ್ಲಿ ಫೇಸ್‌ಬುಕ್ಕಿನಲ್ಲೂ ಹಾಕುವುದು ಅಪರೂಪ. ಲೈಕು ಎಷ್ಟು ಬಂತು ಅಂತ ನೋಡುವ ಚಾಳಿ ಹಿಡಿದರೆ ಮುಂದಿನ ಭಾನುವಾರ ಜೇಡವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಆಮೇಲೆ ನಮಗೂ ಲೆನ್ಸಿನವರಿಗೂ ಏನು ಫರಕು?

ಇನ್‌ಬಾಕ್ಸಿನಲ್ಲಿ ಯಾವ ಫೋನು ಅಂತ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ನನ್ನದು ಸಾಧಾರಣ ಫೋನು, ಅದೂ ಹಳೆಯದು. ತೀರಾ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಝೂಮ್ ಇಟ್ಟರೆ ಆಗುತ್ತದೆ. ಸೆಟ್ಟಿಂಗಿಗೆ ಹೋಗಿ ಗ್ರಿಡ್ ಗೆರೆಗಳನ್ನು ಹಾಕಿಕೊಳ್ಳಿ, ಕೆರೆಯ ನೀರು ಒಂದು ಕಡೆಗೆ ವಾಲುವುದು ನಿಲ್ಲುತ್ತದೆ. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಅನ್ನು ಎಲೆಗಳ ಮೇಲೆ ಬಳಸಬೇಡಿ, ಅಂಚುಗಳನ್ನೆಲ್ಲ ತಿಂದುಹಾಕುತ್ತದೆ. ಫೋಟೋ ಮಂಜುಮಂಜಾಗಿ ಬರುತ್ತಿದ್ದರೆ ಮೊದಲು ಹಿಂದಿನ ಗಾಜನ್ನು ಕಾಟನ್ ಸೀರೆಯ ಸೆರಗಿನಿಂದಲೋ ಪಂಚೆಯ ತುದಿಯಿಂದಲೋ ಒರೆಸಿ ನೋಡಿ. ಅಲ್ಲಿ ಬೆರಳಿನ ಎಣ್ಣೆ ಅಂಟಿರುತ್ತದೆ. ಆಮೇಲೂ ಸರಿಯಾಗದಿದ್ದರೆ ಹೊಸ ಫೋನಿನ ಮಾತಾಡೋಣ.